ರಾವಣ ಬಗ್ಗಿ ಬರಬೇಕೇ?

ಒಂದು ಮನೆಯಲ್ಲಿ ಆರ್ಕಿಟೆಕ್ಚರ್ ಓದುವ ಮಗುವಿದೆ ಎಂದು ತಿಳಿಯಲು ಒಳಗೆ ಹೋಗಬೇಕಾಗಿಲ್ಲ. ರಾತ್ರಿ ಎರಡೂವರೆಗೆ ಬೀದಿಯೆಲ್ಲ ಮಲಗಿರುವಾಗ ಒಂದು ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿರುತ್ತದೆ. ಒಳಗೆ ಹೋದರೆ ಊಟದ ಮೇಜಿನ ಮೇಲೆ ಯಾರಾದರೂ ಊಟ ಮಾಡಿ ಬಹಳ ಕಾಲವಾಗಿರುತ್ತದೆ. ಅಲ್ಲಿ ಫೋಮ್ ಬೋರ್ಡಿನ ಚೂರು, ಕಟರ್, ಮೂರು ಥರದ ಅಂಟು, ಮತ್ತು ಬಣ್ಣದ ನೀರೋ ಕಾಫಿಯೋ ಎಂದು ಕುಡಿದೇ ನೋಡಬೇಕಾದ ಒಂದು ಲೋಟ. ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್ ಎಲ್ಲಿ ಹೋಯಿತೆಂದು ಅಮ್ಮ ಹುಡುಕುತ್ತಿರುತ್ತಾಳೆ. ಅದು 1:200 ಸ್ಕೇಲಿನ ಯಾವುದೋ ಮ್ಯೂಸಿಯಮ್ಮಿನ ಮುಂದೆ ಮೂರು ಮರಗಳಾಗಿ ಬೆಳೆದು ನಿಂತಿರುತ್ತದೆ.

ನಮ್ಮಕ್ಕನ ಮಗಳು ಪುಟ್ಟಿ ಈ ಕುಲದವಳು. ಅವಳ ಸ್ನೇಹಿತರು ಮನೆಗೆ ಬಂದರೆ ಒಬ್ಬರನ್ನು ಇನ್ನೊಬ್ಬರಿಂದ ಬೇರೆ ಮಾಡಿ ಗುರುತಿಸುವುದು ನನಗಿನ್ನೂ ಆಗಿಲ್ಲ. ಎಲ್ಲರಿಗೂ ದುಂಡು ಕನ್ನಡಕ, ಎಲ್ಲರದೂ ಬೂದಿ ಬಣ್ಣದ ಕೈಮಗ್ಗದ ಅಂಗಿ, ಎಲ್ಲರ ಎಡಗೈ ತೋರುಬೆರಳಿಗೂ ಬ್ಯಾಂಡೇಜು. ಸೋಫಾದಲ್ಲಿ ಕೂರುವ ಮೊದಲು ಗೋಡೆ ತಟ್ಟಿ ನೋಡುತ್ತಾರೆ. ಕೂತ ಮೇಲೆ ತಲೆಯೆತ್ತಿ ಚಾವಣಿ ನೋಡಿ ನಿಟ್ಟುಸಿರು ಬಿಡುತ್ತಾರೆ. ಮೂವತ್ತು ಕಂತು ಕಟ್ಟಿ ಮಾಡಿಸಿದ ಫಾಲ್ಸ್ ಸೀಲಿಂಗ್ ಅದು. ಭಾವನವರಿಗೆ ಆ ನಿಟ್ಟುಸಿರು ಅರ್ಥವಾಗುವುದಿಲ್ಲ, ಸದ್ಯ.

ಐದು ವರ್ಷದ ಕೋರ್ಸು, ಹತ್ತು ಸೆಮಿಸ್ಟರು. ಈ ಐದು ವರ್ಷವೂ ನೆಂಟರಿಷ್ಟರ ಮನೆಗಳಲ್ಲಿ ಒಂದೇ ಸಂಭಾಷಣೆ ನಡೆಯಿತು.

"ಏನಮ್ಮಾ ಓದ್ತಿದೀಯಾ?"

"ಆರ್ಕಿಟೆಕ್ಚರ್, ದೊಡ್ಡಮ್ಮ."

"ಓ, ಸಿವಿಲ್ಲು."

"ಸಿವಿಲ್ ಅಲ್ಲ ದೊಡ್ಡಮ್ಮ."

"ಹಾಗಾದ್ರೆ ಕರ್ಟನ್ನು, ಸೋಫಾ ಎಲ್ಲಾ ಹೇಳ್ತಾರಲ್ಲ, ಅದು."

1972ರಲ್ಲೇ ಈ ವೃತ್ತಿಗೆಂದು ಸಂಸತ್ತು ಒಂದು ಕಾಯ್ದೆ ಮಾಡಿದೆ, ಕೌನ್ಸಿಲ್ಲಿನಲ್ಲಿ ನೋಂದಾಯಿಸಿಕೊಳ್ಳದೆ ಯಾರೂ ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳುವ ಹಾಗಿಲ್ಲ ಎಂದು ಪುಟ್ಟಿ ವಿವರಿಸುತ್ತಾಳೆ. ದೊಡ್ಡಮ್ಮ ಎಲ್ಲವನ್ನೂ ಸಮಾಧಾನವಾಗಿ ಕೇಳಿಸಿಕೊಂಡು, "ಅದೇನೋ ಸರಿ, ನಮ್ಮದೊಂದು ಮೂವತ್ತು ನಲವತ್ತು ಸೈಟಿದೆ. ಒಂದು ಪ್ಲಾನ್ ಬರ್ಕೊಡು. ನಿಂಗೂ ಪ್ರಾಕ್ಟೀಸ್ ಆದ ಹಾಗಾಯ್ತು" ಎನ್ನುತ್ತಾರೆ. ಆ 1,200 ಚದರಡಿಯಲ್ಲಿ ಕೆಳಗೊಂದು ಬಾಡಿಗೆ ಮನೆ, ಮೇಲೊಂದು ಬಾಡಿಗೆ ಮನೆ, ನಡುವೆ ತಮ್ಮದು, ಕಾರಿಗೆ ಜಾಗ, ಕಾರಿನ ಕೆಳಗೆ ಸಂಪು, ಆಗ್ನೇಯಕ್ಕೆ ಅಡುಗೆಮನೆ, ಈಶಾನ್ಯಕ್ಕೆ ದೇವರು, ನೈರುತ್ಯಕ್ಕೆ ಯಜಮಾನರು. ಇಷ್ಟಾದ ಮೇಲೆ ಉಳಿದ ಜಾಗದಲ್ಲಿ ಗಾಳಿ ಬೆಳಕು. ಹದಿನೈದು ಎಕರೆಯಲ್ಲಿ ಧ್ಯಾನಕೇಂದ್ರ ಮಾಡಿ ಬಂದಿದ್ದ ಪುಟ್ಟಿಗೆ ಇದು ಎಟುಕಲಿಲ್ಲ. ದೊಡ್ಡಮ್ಮನ ಮನೆಯನ್ನು ಕೊನೆಗೆ ಮೇಸ್ತ್ರಿಯೇ ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಬರೆದು ಕಟ್ಟಿಬಿಟ್ಟ.

ಈ ಕುಲದವರ ಒಂದು ಅಭ್ಯಾಸವನ್ನು ಮಾತ್ರ ನಾನು ಬಹಳ ದಿನ ಗಮನಿಸಿದ್ದೇನೆ. ಅವರ ಬುದ್ಧಿಯ ಕೀಲಿಕೈ ಅದರಲ್ಲೇ ಇದೆ ಎಂದು ನನ್ನ ಅನುಮಾನ. ಎರಡನೇ ವರ್ಷದಲ್ಲಿ ಇಡೀ ತರಗತಿಯನ್ನು ಬನ್ನೇರುಘಟ್ಟ ರಸ್ತೆಯ ಐಐಎಂ ನೋಡಲು ಕರೆದುಕೊಂಡು ಹೋಗಿದ್ದರು. ಬಾಲಕೃಷ್ಣ ದೋಶಿಯವರ ಕಟ್ಟಡ. 2018ರಲ್ಲಿ ಅವರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ಬಂದಾಗ, ಅದನ್ನು ಪಡೆದ ಮೊದಲ ಭಾರತೀಯ ಎಂದು ಪತ್ರಿಕೆಗಳೆಲ್ಲ ಬರೆದಿದ್ದವು. ಒರಟು ಬೂದುಗಲ್ಲಿನ ಗೋಡೆ, ಫತೇಪುರ್ ಸಿಕ್ರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಅಂಗಳಗಳು, ಮೂರಂತಸ್ತಿನೆತ್ತರದ ಉದ್ದನೆ ಓಣಿಗಳು, ಮೇಲಿನ ತೊಲೆಗಳ ಸಂದಿಯಿಂದ ಬಿಸಿಲು ಬಂದು ನೆಲದ ಮೇಲೆ ಪಟ್ಟೆಪಟ್ಟೆಯಾಗಿ ಬೀಳುವುದು. ವಿದ್ಯಾರ್ಥಿಗಳು ನಡೆಯುತ್ತ, ಕಂಬಕ್ಕೊರಗಿ ಹರಟುತ್ತ, ಮೆಟ್ಟಿಲ ಮೇಲೆ ಕೂತು ಜಗಳವಾಡುತ್ತ ಇರಲಿ ಎಂದೇ ಅವುಗಳನ್ನು ಅಷ್ಟು ಧಾರಾಳವಾಗಿ ಮಾಡಿದ್ದು. ಪುಟ್ಟಿ ಒಂದು ಮೊಬೈಲ್ ತುಂಬ ಫೋಟೋ ತಂದಳು. ಒಂದರಲ್ಲೂ ಒಬ್ಬ ಮನುಷ್ಯನಿಲ್ಲ.

"ಯಾಕೆ, ಅವತ್ತು ರಜವಾ?" ಎಂದೆ.

"ಇಲ್ಲ ಮಾವ, ಜನ ಹೋಗೋವರೆಗೂ ಕಾದು ತೆಗೆದಿದ್ದು. ಫ್ರೇಮ್ ಹಾಳಾಗತ್ತೆ."

ಸರಿ, ಮನುಷ್ಯರೆಂದರೆ ಇವರಿಗೆ ಆಗದು ಎಂದುಕೊಂಡೆ. ಆದರೆ ಅದೇ ತಿಂಗಳು ಅವಳು ಕಂಪ್ಯೂಟರಿನಲ್ಲಿ ತಾನೇ ಮಾಡಿದ ಒಂದು ಸಮುದಾಯ ಭವನದ ಚಿತ್ರ ತೋರಿಸಿದಳು. ಇಂಥ ಚಿತ್ರಕ್ಕೆ ರೆಂಡರ್ ಎನ್ನುತ್ತಾರೆ. ಭವನವಿರುವುದು ಹಂಪಿಯ ಹತ್ತಿರದ ಒಂದು ಹಳ್ಳಿಯಲ್ಲಿ. ಅದರ ಮುಂದೆ ಜನವೋ ಜನ! ಹೊಂಬಣ್ಣದ ಕೂದಲಿನ ಹೆಂಗಸೊಬ್ಬಳು ನಾಯಿ ಹಿಡಿದು ಹೋಗುತ್ತಿದ್ದಾಳೆ. ಓವರ್‌ಕೋಟ್ ತೊಟ್ಟ ಗಂಡಸೊಬ್ಬ ಸೈಕಲ್ ತಳ್ಳುತ್ತಿದ್ದಾನೆ. ಹೊಸಪೇಟೆಯ ಏಪ್ರಿಲ್ ತಿಂಗಳಲ್ಲಿ ಓವರ್‌ಕೋಟು! ಕೆಂಪು ಬಲೂನು ಹಿಡಿದ ಒಂದು ಮಗು ಓಡುತ್ತಿದೆ. ಹೀಗೆ ಇಂಟರ್ನೆಟ್ಟಿನಿಂದ ಇಳಿಸಿ ಅಂಟಿಸುವ ಜನಕ್ಕೆ ಇವರು ಪಿಎನ್‌ಜಿ ಎನ್ನುತ್ತಾರೆ. ಈ ಮಗುವನ್ನು ನಾನು ಅವಳ ಸ್ನೇಹಿತರ ಚಿತ್ರಗಳಲ್ಲೂ ಕಂಡಿದ್ದೇನೆ. ಅದೇ ಮಗು, ಅದೇ ಬಲೂನು. ಇವರು ಓದು ಮುಗಿಸಿ ಕೆಲಸಕ್ಕೆ ಸೇರಿದರೂ ಅದಕ್ಕಿನ್ನೂ ಐದೇ ವರ್ಷ. ಆಕಾಶದಲ್ಲಿ ಯಾವಾಗಲೂ ಸಂಜೆ, ಯಾವಾಗಲೂ ಹಕ್ಕಿಗಳು. ಕರೆಂಟ್ ಕಂಬ, ಒಣಗಿಹಾಕಿದ ಬಟ್ಟೆ ಇವೇನೂ ಇಲ್ಲ. ತಾರಸಿಯ ಮೇಲೆ ಸಿಂಟೆಕ್ಸ್ ಟ್ಯಾಂಕ್ ಕಾಣದ ಜಾಗ ಕರ್ನಾಟಕದಲ್ಲಿ ಇನ್ನೂ ಎಲ್ಲಾದರೂ ಉಳಿದಿದ್ದರೆ ಅದು ಪುಟ್ಟಿಯ ಲ್ಯಾಪ್‌ಟಾಪಿನಲ್ಲಿ.

ಅಂತೂ ಇರುವ ಕಟ್ಟಡದಿಂದ ಇರುವ ಜನರನ್ನು ಓಡಿಸುವುದು, ಇಲ್ಲದ ಕಟ್ಟಡಕ್ಕೆ ಇಲ್ಲದ ಜನರನ್ನು ತಂದು ಅಂಟಿಸುವುದು. ಮೊದಲ ಮೂರು ವರ್ಷದ ಪಠ್ಯಕ್ರಮ ಇಷ್ಟೇ ಎಂದು ನಾನು ತೀರ್ಮಾನಿಸಿದೆ.

ಈ ನಡುವೆ ಮನೆಯಲ್ಲಿ ಕೆಲವು ಪರಕೀಯರ ಹೆಸರು ದೇವರ ನಾಮದಷ್ಟು ಸಲೀಸಾಗಿ ಓಡಾಡತೊಡಗಿತು. ಲೂಯಿ ಕಾನ್ ಎಂಬ ಮಹಾನುಭಾವರು, ಅಹಮದಾಬಾದಿನ ಐಐಎಂ ಕಟ್ಟಿದವರು, ಇಟ್ಟಿಗೆಗೆ ಏನಾಗಬೇಕೆಂದು ಇಟ್ಟಿಗೆಯನ್ನೇ ಕೇಳಿದ್ದರಂತೆ. ಅದು ಕಮಾನಾಗಬೇಕು ಎಂದಿತಂತೆ. ಪುಟ್ಟಿಗೆ ಮಾತನಾಡಿಸೋಣವೆಂದರೆ ಬೆಂಗಳೂರಿನ ಸೈಟುಗಳಲ್ಲಿ ಈಗ ಇಟ್ಟಿಗೆಯೇ ಅಪರೂಪ, ಎಲ್ಲೆಲ್ಲೂ ಆರಿಂಚಿನ ಕಾಂಕ್ರೀಟ್ ಬ್ಲಾಕು. ಅದರ ಬಾಯಿ ಬಿಡಿಸಿದವರು ಯಾರೂ ಇಲ್ಲ. ಆಮೇಲೆ ಲೆ ಕಾರ್ಬೂಸಿಯೇ. ಭಾವನವರು ಮಹಡಿ ಎತ್ತುವ ಯೋಚನೆ ಮಾಡಿ ಮಗಳನ್ನೇ ಕೇಳಿದಾಗ, ಅವಳು ಇಳಿಜಾರೇ ಕಾಣದಂಥ ಸಪಾಟು ತಾರಸಿ, ಗೋಡೆಯುದ್ದಕ್ಕೂ ಕಿಟಕಿ ಬರೆದು ತಂದಳು.

"ಮಳೆ ಬಂದ್ರೆ ಸೋರಲ್ವೇನೇ?"

"ಅಪ್ಪಾ, ವಿಲ್ಲಾ ಸವಾಯ್ ಕೂಡ ಸೋರ್ತಿತ್ತು. ಇಪ್ಪತ್ತನೇ ಶತಮಾನದ ಅತಿ ಶ್ರೇಷ್ಠ ಮನೆಗಳಲ್ಲಿ ಅದೂ ಒಂದು."

ಅವಳು ಹೇಳಿದ್ದು ನಿಜವೇ. ಪ್ಯಾರಿಸ್ಸಿನ ಹತ್ತಿರ 1931ರಲ್ಲಿ ಮುಗಿದ, ಕಾರ್ಬೂಸಿಯೇ ಮಾಡಿದ ಆ ಮನೆ ಸೋರಿ ಸೋರಿ, ಅದರ ಒಡತಿ ಅವರಿಗೆ ಕಾಗದದ ಮೇಲೆ ಕಾಗದ ಬರೆದು ಸುಸ್ತಾಗಿದ್ದರು. 2016ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಭಾವನವರು ಇಷ್ಟನ್ನೂ ಕೇಳಿ ಹೇಳಿದರು: "ಸೋರಲಿ ಬಿಡಮ್ಮ. ಅದಕ್ಕೆ ನಾನು ಲೋನ್ ತಗೊಂಡಿರ್ಲಿಲ್ಲವಲ್ಲ."

ಪರೀಕ್ಷೆಗೆ ಇವರು ಜ್ಯೂರಿ ಎನ್ನುತ್ತಾರೆ. ನಮ್ಮ ಕಾಲದ ವೈವಾ ಇದರ ಮುಂದೆ ಏನೂ ಅಲ್ಲ. ಎರಡು ರಾತ್ರಿ ನಿದ್ದೆಗೆಟ್ಟು, ಪ್ರಿಂಟ್ ಅಂಗಡಿಯವನನ್ನು ಬೆಳಗಿನ ಜಾವ ಎಬ್ಬಿಸಿ, ಮಾಡೆಲನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಹೋಗುವುದು. "ಮೇಡಂ, ಗಣೇಶನ ಮಂಟಪಾನಾ? ಚೆನ್ನಾಗಿದೆ" ಎನ್ನುವ ಆಟೋದವನ ಮೆಚ್ಚುಗೆಯೇ ಆ ದಿನದ ಮೊದಲ ಮತ್ತು ಕೊನೆಯ ಮೆಚ್ಚುಗೆ. ಅಲ್ಲಿ ಹೊರಗಿನಿಂದ ಬಂದ ಹಿರಿಯರು ಟೀ ಕುಡಿಯುತ್ತ ಕೂತಿರುತ್ತಾರೆ. ಹುಡುಗಿ ಬೆಳಕು, ನೆರಳು, ಮೌನ ಎಂದೆಲ್ಲ ಹತ್ತು ನಿಮಿಷ ಮಾತಾಡುತ್ತಾಳೆ. ಒಬ್ಬರು ಎದ್ದು ಬಂದು, ಶೀಟಿಗೆ ಮೂಗು ತಾಗುವಷ್ಟು ಬಗ್ಗಿ, ಬಹಳ ಹೊತ್ತು ಹುಡುಕಿ, "ನಾರ್ತ್ ಎಲ್ಲಿ?" ಎನ್ನುತ್ತಾರೆ. ಉತ್ತರ ದಿಕ್ಕಿನ ಬಾಣದ ಗುರುತು ಹಾಕುವುದು ಮರೆತುಹೋಗಿರುತ್ತದೆ. ಅಲ್ಲಿಗೆ ಆ ಸೆಮಿಸ್ಟರ್ ಮುಗಿಯಿತು. ಭಾವನವರಿಗೆ ಈ ಸುದ್ದಿ ಕೇಳಿ ಕಾಲೇಜಿನ ಮೇಲೆ ಮೊದಲ ಬಾರಿಗೆ ಗೌರವ ಹುಟ್ಟಿತು. ಯಾವ ಪ್ಲಾನ್ ನೋಡಿದರೂ ಅವರು ಮೊದಲು ಕೇಳುವುದೂ ಅದನ್ನೇ.

ಐದನೇ ವರ್ಷ ಥೀಸಿಸ್. ಈ ಹೊತ್ತಿಗೆ ಎಲ್ಲರಿಗೂ ಒಂದು ಸಂಸ್ಕೃತಿಯನ್ನು ಉಳಿಸುವ ಹಂಬಲ ಬಂದಿರುತ್ತದೆ. ಒಬ್ಬ ನೇಕಾರರನ್ನು ಉಳಿಸುತ್ತಾನೆ, ಒಬ್ಬಳು ಕೆರೆಯನ್ನು. ಪುಟ್ಟಿ ಯಕ್ಷಗಾನವನ್ನು ಉಳಿಸಲು ಹೊರಟಳು. ಉಡುಪಿಯ ಕಡೆ ಆರು ಎಕರೆ, ಅದರಲ್ಲಿ ರಂಗಮಂದಿರ, ತರಬೇತಿ ಶಾಲೆ, ವಸ್ತುಸಂಗ್ರಹಾಲಯ. ಯಕ್ಷಗಾನ ತನ್ನನ್ನು ಉಳಿಸಿ ಎಂದು ಅವಳಿಗೆ ಹೇಳಿರಲಿಲ್ಲ. ರಾತ್ರಿಯಿಡೀ ನಿದ್ದೆಗೆಡುವವರು ಎಂಬುದೊಂದೇ ಇಬ್ಬರಿಗೂ ಇದ್ದ ಸಂಬಂಧ.

ಅಲ್ಲಿ ಒಬ್ಬ ಹಿರಿಯ ಕಲಾವಿದರು ಸಿಕ್ಕರು. ಬಣ್ಣದ ವೇಷ ಮಾಡುವವರು. ಎಂದರೆ ರಾವಣ, ರಾಕ್ಷಸ ಇಂಥ ಅಬ್ಬರದ ಪಾತ್ರಗಳು. ಪುಟ್ಟಿ ಟ್ಯಾಬ್ ತೆರೆದು ಚೌಕಿಯ, ಎಂದರೆ ವೇಷ ಕಟ್ಟುವ ಕೋಣೆಯ, ನಕ್ಷೆ ತೋರಿಸಿದಳು. ಉದ್ದನೆ ಕಟ್ಟೆ, ಅದರ ಮುಂದೆ ಎತ್ತರದ ಕುರ್ಚಿ, ಪ್ರತಿ ಕನ್ನಡಿಯ ಸುತ್ತ ಬಲ್ಬುಗಳ ಸಾಲು. ಅಜ್ಜ ಕಣ್ಣು ಕಿರಿದು ಮಾಡಿ ನೋಡಿದರು.

"ಇದು ಯಾರು ಕೂರುವುದು?"

"ನೀವೇ ಅಜ್ಜ. ಮೇಕಪ್ಪಿಗೆ."

"ನಾವು ನೆಲದ ಮೇಲೆ ಚಕ್ಕಳಮಕ್ಕಳ ಕೂತು ಬಣ್ಣ ಹಚ್ಚಿಕೊಳ್ಳುವುದಲ್ವಾ. ಕನ್ನಡಿ ಕೈಯಲ್ಲಿ. ವೇಷದ ಪೆಟ್ಟಿಗೆ ಎಲ್ಲಿ ಇಡುವುದು? ಗಣಪತಿ ಪೂಜೆ ಎಲ್ಲಿ? ಬಣ್ಣ ತೆಗೆಯುವಾಗ ನೀರು?" ಎಂದು ಒಂದೊಂದಾಗಿ ಕೇಳಿ, ಕೊನೆಗೆ ಬಾಗಿಲಿನ ಮೇಲೆ ಬೆರಳಿಟ್ಟರು. "ಇದು ಎಷ್ಟು ಎತ್ತರ?"

"2.1 ಮೀಟರ್ ಅಜ್ಜ. ಸ್ಟ್ಯಾಂಡರ್ಡ್. ಏಳಡಿ."

ಅಜ್ಜ ಎದ್ದು ನಿಂತರು. ತಲೆಯ ಮೇಲೆ ಕಿರೀಟವಿದ್ದರೆ ಎಷ್ಟಾಗುತ್ತದೆ ಎಂದು ಎರಡೂ ಕೈ ಎತ್ತಿ ತೋರಿಸಿದರು. ಆಮೇಲೆ ಬಗ್ಗಿ, ಬೆನ್ನು ಹಿಡಿದುಕೊಂಡು, ನಾಲ್ಕು ಹೆಜ್ಜೆ ಹಾಕಿದರು.

"ಅಲ್ಲ ಮಾರಾಯ್ತಿ, ಮೂರು ಲೋಕ ಗೆದ್ದ ರಾವಣ ಹೀಗೆ ಬರುವುದಾ?"

ಇದನ್ನು ನಮಗೆ ಹೇಳುವಾಗ ಪುಟ್ಟಿಯೇ ಎದ್ದು ಅಜ್ಜನ ಹಾಗೆ ನಡೆದು ತೋರಿಸಿದಳು. ಅಷ್ಟು ಚೆನ್ನಾಗಿ ಅವಳು ಯಾವ ಕಟ್ಟಡವನ್ನೂ ವಿವರಿಸಿದ್ದಿಲ್ಲ. ಕುರ್ಚಿಗಳು ಹೋದವು, ಬಲ್ಬುಗಳು ಹೋದವು. ಬಾಗಿಲು ಮೂರಡಿ ಮೇಲೇರಿತು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರೆಂದು ಅದೇ ಅಜ್ಜ ನೆನಪಿಸಿದ್ದರಿಂದ ಸಪಾಟು ತಾರಸಿಯೂ ಹೋಗಿ ಹೆಂಚಿನ ಇಳಿಜಾರು ಬಂತು. ಜ್ಯೂರಿಯಲ್ಲಿ ಒಬ್ಬರು, "ಡೋರ್ ಹೈಟ್ ತಪ್ಪಾಗಿದೆ" ಎಂದು ಕೆಂಪು ಪೆನ್ನಿನಲ್ಲಿ ಸುತ್ತುಹಾಕಿದರಂತೆ. ಹುಡುಗಿ ಅಲ್ಲೂ ಬಗ್ಗಿ ನಡೆದು ತೋರಿಸಿದಳೋ ಇಲ್ಲವೋ ತಿಳಿಯದು. ಕೇಳಿದರೆ ಮಾತು ತೇಲಿಸುತ್ತಾಳೆ. ಮಾರ್ಕ್ಸ್ ಮಾತ್ರ ಚೆನ್ನಾಗಿ ಬಂತು.

ಓದು ಮುಗಿದ ಮೇಲೆ ಪೋರ್ಟ್‌ಫೋಲಿಯೋ. ಐದು ವರ್ಷದ ಕೆಲಸವನ್ನೆಲ್ಲ ಹಿಂಡಿ, ನಲವತ್ತು ಪುಟದಲ್ಲಿ ಇಳಿಸಿ, ಕೆಲಸ ಕೊಡುವವರಿಗೆ ಕಳಿಸುವ ಪುಸ್ತಕ. ಪುಟದ ತುಂಬ ಬಿಳಿ ಜಾಗ, ಮೂಲೆಯಲ್ಲೆಲ್ಲೋ ತಿಳಿಬೂದಿ ಬಣ್ಣದಲ್ಲಿ ಸಾಸಿವೆ ಕಾಳಿನ ಗಾತ್ರದ ಅಕ್ಷರ. ಕೆಲಸ ಕೊಡುವವರಿಗೆಲ್ಲ ಚಾಳೀಸು ಬಂದಿರುತ್ತದೆ ಎಂಬುದು ಈ ಮಕ್ಕಳಿಗೆ ಹೊಳೆಯುವುದೇ ಇಲ್ಲ. ಎರಡನೇ ಪುಟದಲ್ಲಿ ಕೌಶಲಗಳ ಪಟ್ಟಿ: ಆಟೋಕ್ಯಾಡ್ 90%, ಸ್ಕೆಚ್‌ಅಪ್ 85%, ರೆವಿಟ್ 70%.

"ಆಟೋಕ್ಯಾಡಲ್ಲಿ ಉಳಿದ ಹತ್ತು ಯಾವುದು?" ಎಂದು ಕೇಳಿದೆ.

"ಅದು ಹಾಗಲ್ಲ ಮಾವ. ನೂರು ಅಂತ ಹಾಕಿದ್ರೆ ಜಂಬ ಅನ್ಕೋತಾರೆ."

ಆ ಪಟ್ಟಿಯಲ್ಲಿ ಇಲ್ಲದ ಕೌಶಲಗಳೇ ನನಗೆ ದೊಡ್ಡವಾಗಿ ಕಂಡವು. ನಿಂತಲ್ಲೇ ನಿದ್ದೆ ಮಾಡುವುದು. ನಾಳೆ ಬಾ ಎನ್ನುವ ಪ್ರಿಂಟ್ ಅಂಗಡಿಯವನಿಂದ ಇವತ್ತೇ ಕೆಲಸ ತೆಗೆಯುವುದು. ಮುರಿದುಬಿದ್ದ ಮಾಡೆಲನ್ನು ಮೊದಲೇ ಹಾಗೆ ಯೋಚಿಸಿದ್ದು ಎಂಬಂತೆ ಮುಖದ ಗೆರೆ ಕದಲದೆ ತೋರಿಸುವುದು. ಅಜ್ಜನ ಹಾಗೆ ಬಗ್ಗಿ ನಡೆಯುವುದು. ಇವಕ್ಕೆಲ್ಲ ಶೇಕಡಾ ಹಾಕುವ ಪದ್ಧತಿ ಬಂದಿಲ್ಲ. ಯಕ್ಷಗಾನದ ಪುಟಗಳೇನೋ ಇದ್ದವು. ಆ ಎತ್ತರದ ಬಾಗಿಲೂ ಇತ್ತು. ಬಾಗಿಲಲ್ಲಿ ಮಾತ್ರ ಕೆಂಪು ಬಲೂನಿನ ಮಗು.

"ರಾವಣ ಎಲ್ಲೇ?"

"ಪಿಎನ್‌ಜಿ ಸಿಗಲಿಲ್ಲ ಮಾವ" ಎಂದಳು.

ಕೆಲಸ ಸಿಕ್ಕಿತು. ಸಂಬಳ ಪೆಟ್ರೋಲಿಗೆ ಸಾಕಾಗುತ್ತದೆ, ಸ್ಕೂಟರ್ ಅಪ್ಪನದಾದ್ದರಿಂದ. ಕಾಲೇಜಿನಲ್ಲಿ ವಿಮಾನ ನಿಲ್ದಾಣ ಮಾಡಿದವಳಿಗೆ ಆಫೀಸಿನಲ್ಲಿ ಕೊಟ್ಟಿರುವುದು ಟಾಯ್ಲೆಟ್ಟು. ಹೊಸಬರಿಗೆಲ್ಲ ಅದೇ ಅಂತೆ. ಯಾವ ಟೈಲ್ಸನ್ನು ಎಲ್ಲಿಂದ ಶುರುಮಾಡಿದರೆ ತುಂಡು ಟೈಲ್ಸು ಬಾಗಿಲ ಹಿಂದೆ ಅಡಗುತ್ತದೆ, ನೂರಕ್ಕೆ ಒಂದರಂತೆ ಇಳಿಜಾರು ಕೊಟ್ಟರೆ ನೀರು ಎತ್ತ ಹೋಗುತ್ತದೆ, ಕೊಳಾಯಿ ತಿರುಗಿಸುವಾಗ ಮೊಣಕೈ ಗೋಡೆಗೆ ತಾಗುತ್ತದೆಯೇ ಇಲ್ಲವೇ. ಮೊದಲ ತಿಂಗಳು ಅಳುತ್ತಿದ್ದಳು. ಎರಡನೇ ತಿಂಗಳಿಂದ ಊರಿನ ಎಲ್ಲ ಹೋಟೆಲುಗಳ ಟಾಯ್ಲೆಟ್ಟಿನ ಬಗ್ಗೆಯೂ ಅಭಿಪ್ರಾಯವಿಟ್ಟುಕೊಂಡಿದ್ದಾಳೆ. ತಿಂಡಿ ಹೇಗಿತ್ತೆಂದು ಕೇಳಿದರೆ ನೆನಪಿರುವುದಿಲ್ಲ.

ಮೊನ್ನೆ ನೆಂಟರ ಮದುವೆ. ಎರಡನೇ ಪಂಕ್ತಿಗೆ ಎಲೆ ಹಾಕಿ ಕೋಸಂಬರಿ ಬಡಿಸಿದರೂ ಪುಟ್ಟಿ ಇಲ್ಲ. ಹುಡುಕಿಕೊಂಡು ಹೋದರೆ ಛತ್ರದ ಹಿಂದೆ, ಕೈತೊಳೆಯುವ ಜಾಗದಲ್ಲಿ, ರೇಷ್ಮೆ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಫೋಟೋ ತೆಗೆಯುತ್ತಿದ್ದಾಳೆ. ಮೊದಲನೇ ಪಂಕ್ತಿಯ ಜನವೆಲ್ಲ ಕೈ ತೊಳೆಯಲು ನುಗ್ಗಿದೆ. ಅಜ್ಜಿಯರು ಸೆರಗು ಎತ್ತಿಕೊಂಡು ನೀರಿನಲ್ಲಿ ಹಾರಿ ಹಾರಿ ಬರುತ್ತಿದ್ದಾರೆ. ಮಕ್ಕಳಿಗೆ ನಲ್ಲಿ ಎಟುಕದೆ ಯಾರೋ ಎತ್ತಿ ಹಿಡಿದಿದ್ದಾರೆ. ಇವಳು ಯಾರನ್ನೂ ಸರಿಯಿರಿ ಎನ್ನಲಿಲ್ಲ. ಪಕ್ಕದಲ್ಲಿ ಛತ್ರದ ಮ್ಯಾನೇಜರು.

"ನೋಡಿ ಸಾರ್, ನಹಾನಿ ಟ್ರ್ಯಾಪ್ ನೆಲಕ್ಕಿಂತ ಮೇಲಿದೆ. ನೀರು ಅದನ್ನ ಹತ್ತಿ ಒಳಗೆ ಹೋಗ್ಬೇಕು ಅಂದ್ರೆ ಹೇಗೆ? ಅದಕ್ಕೇ ಬಾಗಿಲ ಕಡೆ ಬರ್ತಿದೆ. ಮತ್ತೆ ಈ ಕಡೆ ಎರಡು ನಲ್ಲಿ ಒಂದಡಿ ತಗ್ಗಿಸಿ, ಮಕ್ಕಳಿಗೆ."

ಮ್ಯಾನೇಜರು ತಲೆಯಾಡಿಸಿದರು. "ಹೌದಮ್ಮಾ, ಹತ್ತು ವರ್ಷದಿಂದ ಹೀಗೇ. ಯಾರಿಗೂ ಗೊತ್ತಾಗಿರ್ಲಿಲ್ಲ. ತಾವು ಸಿವಿಲ್ಲಾ?"

"ಅಲ್ಲ, ಆರ್ಕಿಟೆಕ್ಟ್."

"ಒಳ್ಳೇದಾಯ್ತು. ಹಾಗೇ ಒಂದು ಪ್ಲಾನ್ ಬರ್ಕೊಟ್ಬಿಡಿ, ನಮ್ಮ ಹುಡುಗರ ಕೈಲಿ ಮಾಡಿಸ್ತೀನಿ."

"ಫೀಸ್ ಆಗತ್ತೆ ಸಾರ್" ಎಂದಳು ಪುಟ್ಟಿ, ಫೋನನ್ನು ಸೊಂಟಕ್ಕೆ ಸಿಕ್ಕಿಸುತ್ತ.

ಮ್ಯಾನೇಜರು ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಮೊದಲು ಊಟ ಮಾಡಿ ಬನ್ನಿ ಅಮ್ಮ" ಎಂದರು. "ಒಬ್ಬಟ್ಟು ಬಿಸಿಯಾಗಿದೆ."