ಭಾವನವರಿಗೊಂದು ಬಿನ್ನವತ್ತಳೆ

(2025ರ ಜೂನ್ ಕೊನೆಯ ಶನಿವಾರ ಸಂಜೆ, ಹ್ಯೂಸ್ಟನ್‌ನ ಅಕ್ಕನ ಮನೆಯಲ್ಲಿ ಓದಿದ್ದು)

ಸೋಫಾ ಎಂಬ ವೇದಿಕೆಯ ಮೇಲೆ ಮೈಸೂರು ಪೇಟ ಧರಿಸಿ, ಅದು ಕಿವಿಯ ಮೇಲೆ ಜಾರುತ್ತಿದ್ದರೂ ಗಾಂಭೀರ್ಯ ಬಿಡದೆ ಆಸೀನರಾಗಿರುವ ಇಂದಿನ ಸನ್ಮಾನಿತರೇ, ಅಡುಗೆಮನೆಯಿಂದಲೇ ಸಭೆಯ ಅಧ್ಯಕ್ಷತೆ ವಹಿಸಿರುವ ಅಕ್ಕನವರೇ, ಅರಸೀಕೆರೆಯಿಂದ ವಿಡಿಯೋ ಕಾಲ್‌ನಲ್ಲಿ ಬಂದಿರುವ, ಸದ್ಯಕ್ಕೆ ಹಣೆ ಮಾತ್ರ ಕಾಣಿಸುತ್ತಿರುವ ಭಾವನವರ ತಂದೆಯವರೇ, ಊಟಕ್ಕೆಂದು ಬಂದು ಭಾಷಣಕ್ಕೆ ಸಿಕ್ಕಿಬಿದ್ದ ಬಂಧುಮಿತ್ರರೇ,

ಎರಡೇ ಎರಡು ಮಾತು ಎಂದು ಹೇಳಿ ನಾಲ್ಕು ಪುಟ ತಂದಿದ್ದೇನೆ. ನಮ್ಮ ಸಂಪ್ರದಾಯ ಬಿಡಬಾರದು.

ಇದೇ ಜೂನ್ 13ರಿಂದ 15ರವರೆಗೆ ನ್ಯೂ ಆರ್ಲಿಯನ್ಸ್ ನಗರದಲ್ಲಿ ನಡೆದ ಪೋಕೆಮಾನ್ ನಾರ್ತ್ ಅಮೆರಿಕ ಇಂಟರ್‌ನ್ಯಾಷನಲ್ ಚಾಂಪಿಯನ್‌ಶಿಪ್‌ನಲ್ಲಿ, ಇಸ್ಪೀಟೆಲೆಗಿಂತ ಒಂದಿಷ್ಟೂ ದೊಡ್ಡದಲ್ಲದ ಅರವತ್ತು ಕಾರ್ಡುಗಳನ್ನು ಹಿಡಿದು ಹೋರಾಡಿ ಜೀವಂತ ಮರಳಿದ ನಮ್ಮ ಭಾವನವರನ್ನು ಸನ್ಮಾನಿಸಲು ಸೇರಿದ್ದೇವೆ. ಗೆದ್ದರೇ ಎಂದು ಯಾರೂ ಈಗಲೇ ಕೇಳಬೇಡಿ. ಸನ್ಮಾನ ಪತ್ರದಲ್ಲಿ ಅಂಥ ವಿಷಯ ಮೂರನೆಯ ಪುಟಕ್ಕೆ ಮುಂಚೆ ಬರುವ ಪದ್ಧತಿಯಿಲ್ಲ.

ಮೊದಲು ಹಿರಿಯರ ಆಕ್ಷೇಪಕ್ಕೆ ಉತ್ತರ. "ನಲವತ್ತನಾಲ್ಕು ವರ್ಷದ ಗಂಡಸಿಗೆ ಇಸ್ಪೀಟಾಡಿದ್ದಕ್ಕೆ ಶಾಲು ಹೊದಿಸ್ತೀರಾ?" ಎಂದು ಅರಸೀಕೆರೆಯಿಂದ ಬೆಳಿಗ್ಗೆಯೇ ಪ್ರಶ್ನೆ ಬಂದಿದೆ. ಮಾವಯ್ಯನವರೇ, ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಆಟದಲ್ಲಿ ಎಷ್ಟು ಮುಳುಗಿದ್ದರೆಂದರೆ, ದೇವರೂ ದೇವರ ವಾಹನಗಳೂ ಇರುವ ಎಲೆಗಳ ಹೊಸ ಹೊಸ ಆಟಗಳನ್ನೇ ಕಲ್ಪಿಸಿ, 'ಶ್ರೀತತ್ತ್ವನಿಧಿ'ಯ ಕೌತುಕನಿಧಿಯಲ್ಲಿ ಬರೆಸಿಟ್ಟರು. ಅರಮನೆಯಲ್ಲಿ ಆಡಿದರೆ ಕಲೆ, ಅರಸೀಕೆರೆಯ ಕ್ಲಬ್ಬಿನಲ್ಲಿ ಆಡಿದರೆ ಪೊಲೀಸ್ ರೈಡು. ಭಾವನವರು ಇವೆರಡರ ನಡುವಿನ ದಾರಿ ಹಿಡಿದಿದ್ದಾರೆ.

ಇನ್ನೊಂದು ಮಾತು. ಪೋಕೆಮಾನ್ ಆಟ ಹುಟ್ಟಿಸಿದ ಜಪಾನಿನ ಸತೋಶಿ ತಾಜಿರಿ ಚಿಕ್ಕಂದಿನಲ್ಲಿ ಹುಳ ಹಿಡಿಯುವ ಹುಚ್ಚಿನವರು. ಆ ಹುಚ್ಚೇ 1996ರಲ್ಲಿ ಗೇಮ್‌ಬಾಯ್ ಎಂಬ ಅಂಗೈ ಯಂತ್ರದ ಆಟವಾಯಿತು; ಅದೇ ವರ್ಷ ಕಾರ್ಡುಗಳೂ ಬಂದವು. ಹಿಡಿ, ಸಾಕು, ಗೆಳೆಯನ ಹುಳದ ಜೊತೆ ಬದಲಾಯಿಸಿಕೋ, ಇಷ್ಟೇ ಅದರ ತಿರುಳು. ಬೆಂಕಿಪೊಟ್ಟಣದಲ್ಲಿ ಜೀರ್ಜಿಂಬೆ ಸಾಕಿ, ಅದಕ್ಕೆ ಜಾಲಿಸೊಪ್ಪು ಹಾಕಿ, ಮೊಟ್ಟೆಯಿಟ್ಟಿತೇ ಎಂದು ಗಣಿತದ ಪೀರಿಯಡ್ಡಿನಲ್ಲಿ ಮುಚ್ಚಳ ಸರಿಸಿ ನೋಡಿ ಏಟು ತಿಂದವರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಭಾವನವರು ಏಟು ತಿಂದವರೇ. ಆಮೇಲೆ ಬಬಲ್ ಗಮ್ ಜೊತೆ ಬರುವ ಕ್ರಿಕೆಟ್ ಚೀಟಿ, ಅದಾದ ಮೇಲೆ ಕುಸ್ತಿಯವರ ಟ್ರಂಪ್ ಕಾರ್ಡು. "ಚೆಸ್ಟ್ ಎಷ್ಟು? ಬೈಸೆಪ್ಸ್ ಎಷ್ಟು?" ಎಂದು ಅರಸೀಕೆರೆ ರೈಲ್ವೆ ಕ್ವಾರ್ಟರ್ಸಿನ ಕಟ್ಟೆಯ ಮೇಲೆ ಕೂಗುತ್ತಿದ್ದ ಹುಡುಗನೇ ಇಂದು ಪೇಟ ಧರಿಸಿ ಕುಳಿತಿರುವುದು.

ಯಾತ್ರೆಯ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ಹ್ಯೂಸ್ಟನ್‌ನಿಂದ ಸುಮಾರು 350 ಮೈಲಿ. ಕಾರಿನಲ್ಲಿ ಭಾವ, ಅಕ್ಕ, ಹತ್ತು ವರ್ಷದ ಸೋದರಳಿಯ, ಸಾಮಾನು ಹೊರಲು ನಾನು, ಒಂದು ದೊಡ್ಡ ಡಬ್ಬಿ ಕೋಡುಬಳೆ. ಈ ಡಬ್ಬಿಯನ್ನು ನೆನಪಿಟ್ಟುಕೊಳ್ಳಿ. ನ್ಯೂ ಆರ್ಲಿಯನ್ಸ್ ತಲುಪಿ ಬಾಗಿಲು ತೆರೆದರೆ ಮಂಗಳೂರಿನ ಮೇ ತಿಂಗಳ ಸೆಕೆ. ಸಸ್ಯಾಹಾರಿಗಳಿಗೆ ಅಲ್ಲಿ ಉಳಿದದ್ದು ಬೆನ್ಯೆ ಎಂಬ ಕರಿದ ತಿಂಡಿ. ನಮ್ಮ ಮೈದಾ ಬೋಂಡಕ್ಕೆ ಯಾರೋ ಸಿಟ್ಟಿನಿಂದ ಸಕ್ಕರೆ ಪುಡಿ ಸುರಿದ ಹಾಗೆ ಇರುತ್ತದೆ. ಆದರೆ ಆ ಊರಿನವರು ಕಾಫಿಗೆ ಚಿಕೋರಿ ಹಾಕುತ್ತಾರೆ! ಒಂದು ಗುಟುಕು ಕುಡಿದ ಅಕ್ಕ ಕಣ್ಣು ಮುಚ್ಚಿ, "ಎಂಬತ್ತು–ಇಪ್ಪತ್ತಲ್ಲ, ಅರವತ್ತು–ನಲವತ್ತು" ಎಂದು ತೀರ್ಪು ಕೊಟ್ಟಳು. ಇಡೀ ಪ್ರವಾಸದಲ್ಲಿ ನಮ್ಮ ಮನೆತನದಿಂದ ಹೊರಬಿದ್ದ ನಿಖರವಾದ ಲೆಕ್ಕಾಚಾರ ಅದೊಂದೇ.

ಸಭಾಂಗಣ ಮಿಸಿಸಿಪ್ಪಿ ನದಿಯ ದಂಡೆಗೆ ಹೆಚ್ಚು ಕಡಿಮೆ ಒಂದು ಕಿಲೋಮೀಟರು ಉದ್ದಕ್ಕೆ ಮಲಗಿದೆ. ಒಳಗೆ ಸಾಲು ಸಾಲು ಮೇಜು, ಮೇಜಿಗೆ ನಂಬರು, ನಂಬರಿನ ಮುಂದೆ ಎದುರುಬದುರು ಕೂತ ಸಾವಿರಾರು ಜನ. ನನಗೆ ಮೊದಲು ನೆನಪಾದದ್ದು ಎಸ್ಸೆಸ್ಸೆಲ್ಸಿ ಪರೀಕ್ಷೆ. ವ್ಯತ್ಯಾಸವೆಂದರೆ ಇಲ್ಲಿ ಕೆಲವರು ತಲೆಗೆ ಹಳದಿ ಕಿವಿ ಕಟ್ಟಿಕೊಂಡಿದ್ದರು, ಮತ್ತು ಗಡ್ಡ ಬೆಳ್ಳಗಾದವರೂ ಪರೀಕ್ಷೆಗೆ ಕೂತಿದ್ದರು. ಇಷ್ಟು ಜನ ಸೇರಿದ ಕಡೆ ಇಷ್ಟು ಕಡಿಮೆ ಗಲಾಟೆ ನಾನು ಕಂಡಿಲ್ಲ. ಕೇಳಿಸುತ್ತಿದ್ದದ್ದು ಕಾರ್ಡು ಕಲೆಸುವ ಸದ್ದು, ಸೋನೆ ಮಳೆ ತಗಡಿನ ಮೇಲೆ ಬಿದ್ದ ಹಾಗೆ.

ಆಟ ತಿಳಿಯದವರಿಗಾಗಿ ಎರಡು ಸಾಲು. ಅರವತ್ತು ಕಾರ್ಡಿನ ಕಟ್ಟು. ಏಳು ಕಾರ್ಡು ಕೈಗೆ, ಆರು ಕಾರ್ಡು ಪಣಕ್ಕೆ ಬೋರಲು. ಎದುರಾಳಿಯ ಪ್ರಾಣಿ ಬಿದ್ದಾಗಲೆಲ್ಲ ನಿಮ್ಮ ಪಣದ ಕಾರ್ಡು ಎತ್ತಿಕೊಳ್ಳಬೇಕು. ಆರೂ ಎತ್ತಿದವರು ಗೆದ್ದ ಹಾಗೆ. ಮೊದಲ ಏಳರಲ್ಲಿ ಮೂಲರೂಪದ ಪ್ರಾಣಿ ಒಂದೂ ಇಲ್ಲದಿದ್ದರೆ, ಕೈಯನ್ನು ಎದುರಾಳಿಗೆ ಬಿಚ್ಚಿ ತೋರಿಸಿ, ಮತ್ತೆ ಕಲೆಸಿ, ಹೊಸದಾಗಿ ಏಳು ಎಳೆಯಬೇಕು. ಹಾಗಾದಾಗಲೆಲ್ಲ ಎದುರಾಳಿ ಒಂದು ಕಾರ್ಡು ಹೆಚ್ಚಿಗೆ ಎಳೆಯಬಹುದು. ನಮ್ಮ ಭಾವನವರು ಮೊದಲ ಸುತ್ತಿನಲ್ಲೇ ನಾಲ್ಕು ಸಲ ಬಿಚ್ಚಿ ತೋರಿಸಿದರು. ನೆಂಟರು ಬಂದಾಗ ಕೈತಪ್ಪಿ ಬೀರು ತೆಗೆದು ಬರಿದಾದ ಖಾನೆಗಳನ್ನೆಲ್ಲ ತೋರಿಸುವವರ ಮುಖ ಹೇಗಿರುತ್ತದೋ ಹಾಗಿತ್ತು.

ಎರಡನೆಯ ಸುತ್ತಿನದು ಇನ್ನೂ ಘೋರ. ಭಾವನವರ ನೆಚ್ಚಿನ ಯೋಧ ಡ್ರಾಗಪಲ್ಟ್, 320 ಬಲದ ಭೂತ–ಡ್ರ್ಯಾಗನ್. ಎದುರಿಗೆ ಬಂದದ್ದು ಬಡ್ಯೂ. ಹಸಿರು ಮೊಗ್ಗು, ಅಂಗನವಾಡಿ ವಯಸ್ಸಿನ ಮುಖ, ಒಟ್ಟು ಬಲ 30, ಹೊಡೆದರೆ ಪೆಟ್ಟು ಬರೀ 10. ಆದರೆ ಅದು ಮೂಗಿಗೆ ಪರಾಗ ಊದಿತೆಂದರೆ, ಮುಂದಿನ ಸರದಿಯಲ್ಲಿ ಸಲಕರಣೆ ಕಾರ್ಡು ಒಂದನ್ನೂ ಆಡುವಂತಿಲ್ಲ. ಭಾವನವರ ಕೈಯಲ್ಲಿ ಇದ್ದದ್ದೆಲ್ಲ ಸಲಕರಣೆಯೇ. ಗೋದಾಮು ತುಂಬ ಮದ್ದುಗುಂಡು, ಬೀಗದ ಕೈ ಶತ್ರುವಿನ ಜೇಬಿನಲ್ಲಿ. ಕಾಫಿ ಬಣ್ಣದ ಟೋಪಿಯ ಆ ಎದುರಾಳಿ ಪ್ರತಿ ಸರದಿಗೂ "ಕ್ಷಮಿಸಿ" ಎನ್ನುತ್ತ ಊದಿದ. ಅಷ್ಟು ವಿನಯದಿಂದ ಯಾರೂ ನಮ್ಮವರನ್ನು ಹಾಳುಮಾಡಿದ್ದು ನಾನು ನೋಡಿಲ್ಲ.

ಈಗ ಕೋಡುಬಳೆ ಡಬ್ಬಿ. ಮೂರನೆಯ ಸುತ್ತು ಶುರುವಾಗುವಾಗ ತೀರ್ಪುಗಾರರೊಬ್ಬರು ಬಂದು ಭಾವನವರ ಕಟ್ಟನ್ನು ತಪಾಸಣೆಗೆ ಕೇಳಿದರು. ಇದು ಮಾಮೂಲು, ಕಾರ್ಡುಗಳಿಗೆ ಹಾಕುವ ಪ್ಲಾಸ್ಟಿಕ್ ಕವರುಗಳು ಹಿಂದಿನಿಂದ ನೋಡಿದರೆ ಒಂದೇ ಥರ ಇರಬೇಕು, ಗುರುತು ಇದ್ದರೆ ಮೋಸಕ್ಕೆ ದಾರಿ. ಆಕೆ ಒಂದೊಂದೇ ಕಾರ್ಡನ್ನು ಬೆಳಕಿಗೆ ಓರೆ ಹಿಡಿದಳು. ಹನ್ನೊಂದು ಕಾರ್ಡುಗಳು ಎಣ್ಣೆಯಿಂದ ಫಳಫಳ ಹೊಳೆದವು. ಹೆಬ್ಬೆಟ್ಟಿನ ಸುಳಿ ಸಮೇತ, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಒತ್ತಿದಷ್ಟು ಸ್ಪಷ್ಟವಾಗಿ. "ಇದೇನು?" ಎಂದಳು. ಭಾವನವರು ಸತ್ಯವಂತರು. "ಕೋಡುಬಳೆ" ಎಂದರು. ಆಕೆ ಬರೆದುಕೊಳ್ಳಲು ಪೆನ್ನು ತೆಗೆದು ಸ್ಪೆಲ್ಲಿಂಗ್ ಕೇಳಿದಳು. ಎಣ್ಣೆ ಒಳ್ಳೆಯ ಕಾರ್ಡಿಗೂ ಕೆಟ್ಟ ಕಾರ್ಡಿಗೂ ತಾರತಮ್ಯವಿಲ್ಲದೆ ಹತ್ತಿತ್ತಾದ್ದರಿಂದ ಇದರಲ್ಲಿ ಸಂಚಿಲ್ಲ, ಬರೀ ಹಸಿವಿದೆ ಎಂದು ಮನಗಂಡು, ಎಚ್ಚರಿಕೆ ಕೊಟ್ಟು ಕವರು ಬದಲಾಯಿಸಲು ಹೇಳಿದಳು. ನಾನೂ ಭಾವನೂ ಅರವತ್ತು ಕಾರ್ಡಿಗೆ ಹೊಸ ಅಂಗಿ ತೊಡಿಸಿದೆವು. ನನ್ನ ಕೈ ಒರೆಸಿಕೊಂಡೆನೇ ಎಂದು ಅವರು ಮೂರು ಸಲ ಕೇಳಿದ್ದನ್ನು ನಾನು ಕ್ಷಮಿಸಿದ್ದೇನೆ.

ಐದನೆಯ ಸುತ್ತಿನಲ್ಲಿ ಕುಲದ ಮಾನ ಉಳಿಯಿತು. ಡ್ರಾಗಪಲ್ಟ್ ಒಂದು ಏಟಿಗೆ ಮುಂದಿರುವವನಿಗೆ 200 ಹಾಕಿ, ಹಿಂದೆ ಬೆಂಚಿನಲ್ಲಿ ಕೂತವರಿಗೆ ಆರು ಗಾಯದ ಗುಂಡಿ ಹಂಚುತ್ತದೆ, ಗುಂಡಿಗೆ ಹತ್ತರಂತೆ. ಬೆಂಚಿನಲ್ಲಿ ಯಾರಿದ್ದರು? ಎರಡು ಬಡ್ಯೂ! ಇದಕ್ಕೆ ಮೂರು, ಅದಕ್ಕೆ ಮೂರು. ಪಂಕ್ತಿಯಲ್ಲಿ ಪಾಯಸ ಬಡಿಸುವವರಂತೆ ಭಾವನವರು ಒಂದೊಂದೇ ಗುಂಡಿ ಇಟ್ಟದ್ದನ್ನು ನಾನು ಕಣ್ಣಾರೆ ಕಂಡೆ. ಆ ಮೊಗ್ಗುಗಳು ಯಾವ ತಪ್ಪೂ ಮಾಡಿರಲಿಲ್ಲ; ಎರಡನೆಯ ಸುತ್ತಿನ ಮೊಗ್ಗು ಬೇರೆಯವರದ್ದು. ಸೇಡಿಗೆ ಅದೆಲ್ಲ ಬೇಕಿಲ್ಲ.

ಮೂರನೆಯ ಪುಟಕ್ಕೆ ಬಂದೆವು. ಒಂಬತ್ತು ಸುತ್ತಿನಲ್ಲಿ ಆರು ಸೋಲು, ಒಂದು ಡ್ರಾ, ಎರಡು ಗೆಲುವು. ಡ್ರಾ ಆದದ್ದು ಐವತ್ತು ನಿಮಿಷವನ್ನೂ ಭಾವನವರು ಯೋಚಿಸುವುದಕ್ಕೇ ಬಳಸಿದ್ದರಿಂದ. ಎರಡನೆಯ ಗೆಲುವು ಒಂಬತ್ತನೆಯ ಸುತ್ತಿನಲ್ಲಿ ಬಂತು. ಜೋಡಿ ಬೆಸವಾಗಿ, ಪಟ್ಟಿಯ ತಳದಲ್ಲಿದ್ದ ಇವರಿಗೆ 'ಬೈ' ಸಿಕ್ಕಿತು. ಕನ್ನಡದಲ್ಲಿ ಬೈ ಅಂದರೆ ಅಕ್ಕನ ಕೆಲಸ. ಅಲ್ಲಿ ಬೈ ಅಂದರೆ ಎದುರಾಳಿಯಿಲ್ಲದೆ ಜಯ. ಖಾಲಿ ಕುರ್ಚಿಯ ಎದುರು ಅವರು ತೋರಿದ ಸಂಯಮವನ್ನು ಎಷ್ಟು ಹೊಗಳಿದರೂ ಕಡಿಮೆ. ಎರಡನೆಯ ದಿನಕ್ಕೆ ಹೋಗಲು 19 ಅಂಕ ಬೇಕಿತ್ತು. ಕೇವಲ 12 ಅಂಕದಿಂದ ತಪ್ಪಿಹೋಯಿತು.

ಸೋದರಳಿಯ ವಿಡಿಯೋ ಗೇಮ್ ವಿಭಾಗದಲ್ಲಿ, ಚಿಕ್ಕ ಮಕ್ಕಳ ಗುಂಪಿನಲ್ಲಿ ಆಡಿದ. ನಾಲ್ಕು ಗೆದ್ದ, ಮೂರು ಸೋತ, ಯಾರಿಗೂ ಏನೂ ವಿವರಿಸದೆ ಐಸ್‌ಕ್ರೀಮ್ ಕೇಳಿದ. ಅಲ್ಲಿ ಆರು ಪ್ರಾಣಿ ಒಯ್ದು, ಎದುರಾಳಿಯ ಆರನ್ನೂ ನೋಡಿ, ತೊಂಬತ್ತು ಸೆಕೆಂಡಿನಲ್ಲಿ ನಾಲ್ಕನ್ನು ಆರಿಸಿ, ಎರಡೆರಡಾಗಿ ಕಣಕ್ಕಿಳಿಸಬೇಕು. ಪ್ರೊಟೆಕ್ಟ್ ಎಂಬ ಪಟ್ಟು ಒಂದಿದೆ: ಆ ಸರದಿಯಲ್ಲಿ ಏನೂ ಮಾಡದೆ ಪೆಟ್ಟು ತಪ್ಪಿಸಿಕೊಳ್ಳುವುದು. ಬೆನ್ನು ಬೆನ್ನಿಗೆ ಎರಡನೆಯ ಸಲ ಹಾಕಿದರೆ ಬಹುಮಟ್ಟಿಗೆ ಕೈಕೊಡುತ್ತದೆ. ಕ್ರೆಡಿಟ್ ಕಾರ್ಡ್ ಬಿಲ್ಲಿನಲ್ಲಿ "ಬೂಸ್ಟರ್ ಪ್ಯಾಕ್" ಎಂಬ ಸಾಲು ಕಂಡಾಗ ಭಾವನವರು ಈ ಪಟ್ಟನ್ನೇ ಹಾಕುವುದು. ಎರಡನೆಯ ತಿಂಗಳು ಅದು ಕೆಲಸ ಮಾಡಿಲ್ಲ ಎಂಬುದಕ್ಕೆ ಅಧ್ಯಕ್ಷರೇ ಸಾಕ್ಷಿ.

ಕೊನೆಯ ದಿನ ಪಕ್ಕದ ಸಣ್ಣ ಪಂದ್ಯಗಳು. ವಯಸ್ಸಿನ ಅಡ್ಡಗೋಡೆಯಿಲ್ಲ. ಭಾವನವರ ಎದುರು ಎರಡು ಜಡೆಯ, ಎಂಟು ವರ್ಷದ ಹುಡುಗಿ ಬಂದು ಕೂತಳು. ಕುರ್ಚಿಯಿಂದ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಹದಿನೆಂಟು ನಿಮಿಷದಲ್ಲಿ ಮುಗಿಸಿದಳು. ಆಮೇಲೆ ಎದ್ದು ಹೋಗಲಿಲ್ಲ. ಭಾವನವರು ಎಸೆದ ಕಾರ್ಡುಗಳನ್ನು ತಿರುವಿ ಹಾಕಿ, ಒಂದನ್ನು ಬೆರಳಿನಿಂದ ತಟ್ಟಿ, "ಇದನ್ನು ಯಾಕೆ ಎಸೆದಿರಿ?" ಎಂದಳು. ಭಾವನವರ ಬಳಿ ಉತ್ತರವಿರಲಿಲ್ಲ. ಹುಡುಗಿಗೆ ಕನಿಕರ ಬಂದು ತನ್ನ ಆಲ್ಬಮ್ಮಿನಿಂದ ಒಂದು ಕಾರ್ಡು ತೆಗೆದು ಕೊಟ್ಟಳು. ಪಚಿರಿಸು, ಬಿಳಿ ಅಳಿಲು, ಬೆನ್ನಿಗೆ ನೀಲಿ ಪಟ್ಟೆ. ಮಾರುಕಟ್ಟೆಯಲ್ಲಿ ಅದಕ್ಕೆ ಕೆಲವೇ ಸೆಂಟು ಬೆಲೆ.

ಆದರೆ ಸಭಿಕರೇ, 2014ರಲ್ಲಿ ವಾಷಿಂಗ್ಟನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ, ಘಟಾನುಘಟಿ ಪ್ರಾಣಿಗಳ ನಡುವೆ ಈ ಅಳಿಲನ್ನು ಕಣಕ್ಕಿಳಿಸಿ ವಿಡಿಯೋ ಗೇಮ್ ಕಿರೀಟ ಗೆದ್ದವರು ಕೊರಿಯಾದ ಸೇಜುನ್ ಪಾರ್ಕ್. ಅಳಿಲು ಯಾರನ್ನೂ ಹೊಡೆದು ಬೀಳಿಸಬೇಕಿರಲಿಲ್ಲ. "ನನ್ನನ್ನು ನೋಡು" ಎಂದು ಬಾಲ ಎತ್ತಿ, ಪಕ್ಕದವನಿಗೆ ಬೀಳಬೇಕಾದ ಏಟನ್ನೆಲ್ಲ ತನ್ನ ಮೇಲೆ ಎಳೆದುಕೊಳ್ಳುವುದು ಅದರ ಕೆಲಸ. ಈ ಮನೆಯಲ್ಲಿ ಮಗನ ಕಡಿಮೆ ಮಾರ್ಕ್ಸಿಗೆ, ನನ್ನ ಇನ್ನೂ ಆಗದ ಮದುವೆಗೆ, ಅರಸೀಕೆರೆಯ ತೆಂಗಿನ ತೋಟದ ಪಂಪ್‌ಸೆಟ್ಟಿಗೆ ಬರಬೇಕಾದ ಮಾತೆಲ್ಲ ಯಾರ ಕಡೆಗೆ ತಿರುಗುತ್ತದೆ ಎಂದು ನಾನು ಹೇಳಬೇಕಿಲ್ಲ. ಆ ಎಂಟು ವರ್ಷದ ಮಗು ಹದಿನೆಂಟು ನಿಮಿಷದಲ್ಲಿ ಕಂಡುಕೊಂಡದ್ದಕ್ಕೆ ನನಗೆ ಹದಿಮೂರು ವರ್ಷ ಹಿಡಿಯಿತು.

ಇದೆಲ್ಲ ಅತಿಯಾಯಿತು ಎನ್ನುವವರಿಗೆ: ಕಳೆದ ವರ್ಷ ಹೊನೊಲುಲುವಿನಲ್ಲಿ ಕಾರ್ಡು ವಿಭಾಗದ ವಿಶ್ವ ಚಾಂಪಿಯನ್ ಆದ ಚಿಲಿ ದೇಶದ ಹದಿನೆಂಟರ ಹುಡುಗ ಫರ್ನಾಂಡೊ ಸಿಫುಯೆಂಟೆಸ್ 50,000 ಡಾಲರ್ ಗೆದ್ದದ್ದಷ್ಟೇ ಅಲ್ಲ, ಅಧ್ಯಕ್ಷ ಗ್ಯಾಬ್ರಿಯೆಲ್ ಬೋರಿಕ್ ಅವನನ್ನು ಲಾ ಮೊನೆಡಾ ಅರಮನೆಗೇ ಕರೆಸಿ ಗೌರವಿಸಿದರು. ನಮ್ಮ ಅಧ್ಯಕ್ಷರು ಸದ್ಯ ಒಗ್ಗರಣೆ ಹಾಕುತ್ತಿದ್ದಾರೆ. ಆದರೂ ಶಾಲು, ಗಂಧದ ಹಾರ, ಫಲತಾಂಬೂಲ, ಮತ್ತು ಚೌಕಟ್ಟು ಹಾಕಿಸಿದ ಆ ಅಳಿಲಿನ ಕಾರ್ಡನ್ನು ಈಗ ಸೋದರಳಿಯ ತನ್ನ ತಂದೆಗೆ ಸಮರ್ಪಿಸುತ್ತಾನೆ. ಜೋರಾದ ಚಪ್ಪಾಳೆ ಇರಲಿ. ಮಾವಯ್ಯನವರೇ, ನಿಮ್ಮ ಮ್ಯೂಟ್ ತೆಗೆದು ತಟ್ಟಿ.

ಇನ್ನು ಊಟ. ಬಿಸಿಬೇಳೆಬಾತ್‌ಗೆ ತುಪ್ಪ ಧಾರಾಳವಾಗಿದೆ. ಮುಂದಿನ ಪಂದ್ಯಕ್ಕೆಂದು ಭಾವನವರು ಜೋಡಿಸಿಟ್ಟ ಹೊಸ ಕಟ್ಟು ಕಿಟಕಿ ಪಕ್ಕದ ಮೇಜಿನ ಮೇಲಿದೆ. ದಯವಿಟ್ಟು ಕೈ ತೊಳೆಯದೆ ಯಾರೂ ಅದನ್ನು ಮುಟ್ಟಬೇಡಿ.