ಭಾರಮಿತಿಯ ಭಾಷ್ಯಕಾರರು

ಯಾದಗಿರಿಯನ್ನು ಹಿಂದುಳಿದ ಜಿಲ್ಲೆ ಎನ್ನುವುದು ವಾಡಿಕೆ. 2009ರ ಡಿಸೆಂಬರ್ 30ರಂದು ಜಿಲ್ಲೆಯಾದ ಮೇಲೂ ಆ ಹೆಸರು ತಪ್ಪಲಿಲ್ಲ. 2011ರ ಜನಗಣತಿಯ ಸಾಕ್ಷರತೆ ಪಟ್ಟಿಯಲ್ಲಂತೂ ರಾಜ್ಯದಲ್ಲೇ ಕೊನೆಯ ಮಣೆ ನಮ್ಮದು. ಗಣತಿಗೆ ಬಂದವರು ಮನೆಮನೆ ಹತ್ತಿದರೇ ಹೊರತು ಒಂದು ಲಾರಿಯ ಕ್ಯಾಬಿನ್ ಹತ್ತಲಿಲ್ಲ. ಹತ್ತಿದ್ದರೆ ಓದುವ ವಿದ್ಯೆ ಇಲ್ಲಿ ಎಲ್ಲಿಗೆ ಮುಟ್ಟಿದೆ ಎಂದು ತಿಳಿಯುತ್ತಿತ್ತು.

ಸೇತುವೆಯ ಬಾಯಲ್ಲಿ ನೆಟ್ಟ ಭಾರಮಿತಿಯ ಫಲಕವನ್ನೇ ನೋಡಿ. ಕೆಂಪು ಬಳೆ, ಬಿಳಿ ನೆಲ, ನಡುವೆ ಒಂದು ಅಂಕಿ, ಪಕ್ಕದಲ್ಲಿ ಟನ್ನಿನ ಗುರುತು. ಇಷ್ಟೇ ಸೂತ್ರ. ಮೋಟಾರು ವಾಹನ ಕಾಯ್ದೆ ಇದನ್ನು ಪಾಲಿಸಲೇಬೇಕಾದ ಚಿಹ್ನೆಗಳ ಪಟ್ಟಿಯಲ್ಲಿಟ್ಟು ಸುಮ್ಮನಾಯಿತು. ಭಾಷ್ಯ ಬರೆಯುವ ಹೊಣೆ ನಮ್ಮ ಜಿಲ್ಲೆಯ ಶಹಾಪುರ–ಸುರಪುರದ ಚಾಲಕರ ಹೆಗಲಿಗೆ ಬಿತ್ತು, ಅವರು ಹಿಂಜರಿಯಲಿಲ್ಲ.

ಮೊದಲ ಭಾಷ್ಯ ಸರಕಿನ ಪಂಥದವರದು. ‘ಹತ್ತು ಟನ್ ಅಂದ್ರ ಮಾಲು ಹತ್ತು ಟನ್ ರೀ, ಗಾಡಿ ಯಾರು ಲೆಕ್ಕ ಹಿಡೀತಾರ?’ ಫಲಕ ಹಾಕಿದ ಎಂಜಿನಿಯರು ಲಾರಿಯ ಕಬ್ಬಿಣ, ಟ್ಯಾಂಕಿನ ಡೀಸೆಲ್, ಚಾಲಕ, ಕ್ಲೀನರು, ತಾಡಪತ್ರಿ, ಮುಂದೆ ಕಟ್ಟಿದ ನಿಂಬೆಹಣ್ಣು ಎಲ್ಲವನ್ನೂ ಕೂಡಿಸಿಯೇ ಆ ಅಂಕಿ ಬರೆದಿದ್ದಾನೆ. ಆದರೆ ಅದು ಅವನ ಸಂಕುಚಿತ ದೃಷ್ಟಿ. ಎರಡು ಅಚ್ಚಿನ ಲಾರಿ ಖಾಲಿ ನಿಂತರೂ ಸುಮಾರು ಆರೇಳು ಟನ್ ತೂಗುತ್ತದೆ. ಇಷ್ಟನ್ನು ಒಂದೇ ಮಾತಿನಲ್ಲಿ ಮನ್ನಾ ಮಾಡುವ ಔದಾರ್ಯ ಯಾವ ಸಾಲಮನ್ನಾದಲ್ಲಿದೆ?

ಎರಡನೆಯದು ನಿಶಾಚರ ಪಂಥ. ಇವರ ಪ್ರಕಾರ ಫಲಕಕ್ಕೆ ಹಗಲಷ್ಟೇ ಜೀವ. ಕೃಷ್ಣೆಯಿಂದ ಆಗಷ್ಟೇ ಎತ್ತಿದ ಮರಳು ನೀರು ಕುಡಿದು ಒಂದು ಘನ ಮೀಟರಿಗೆ ಎರಡು ಟನ್ನಿನ ಹತ್ತಿರ ತೂಗುತ್ತದೆ ಎನ್ನುತ್ತದೆ ಪುಸ್ತಕ. ರಾತ್ರಿ ಎರಡು ಗಂಟೆಗೆ, ನೀರು ತೊಟ್ಟಿಕ್ಕುತ್ತಲೇ ಹೊರಡುವ ಟಿಪ್ಪರ್ ಮಾತ್ರ ಹತ್ತಿಯಷ್ಟು ಹಗುರವಿರಬೇಕು. ಇಲ್ಲದಿದ್ದರೆ ಯಾರಾದರೂ ತಡೆಯುತ್ತಿರಲಿಲ್ಲವೇ? ಶಹಾಪುರದ ಗುಡ್ಡಸಾಲಿನ ರೂಪದಲ್ಲಿ ಮಲಗಿದ ಬುದ್ಧನಿಗೆ ಇಡೀ ದಾರಿ ಕಾಣುತ್ತದೆ. ಆದರೆ ಆತ ಕಣ್ಣು ಮುಚ್ಚಿದ್ದಾನೆ, ಸಾಕ್ಷಿಗೆ ಬರುವುದಿಲ್ಲ. ಎಲ್ಲ ಇಲಾಖೆಗಳೂ ಆತನನ್ನೇ ಆದರ್ಶವಾಗಿ ಇಟ್ಟುಕೊಂಡಿರುವುದು ಮೆಚ್ಚತಕ್ಕ ಮಾತು.

ಮೂರನೆಯವರು ಪ್ರತ್ಯಕ್ಷ ಪ್ರಮಾಣದವರು: ‘ಮುಂದಿನ ಗಾಡಿ ಹೋತಿಲ್ಲೋ? ನಮ್ದೂ ಹೋಗ್ತದ.’ ಇದಕ್ಕೆ ಎದುರು ವಾದವಿಲ್ಲ. ಸೇತುವೆ ಬೀಳುವವರೆಗೆ ಬಿದ್ದಿರುವುದಿಲ್ಲ. ಕಾರವಾರದ ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಒಂದು ಲಾರಿಯ ಸಮೇತ ಕುಸಿಯಿತು. ಕಾರಣ ಏನೇ ಇರಲಿ, ಅದಕ್ಕೂ ಮುಂಚೆ ಒಂದು ಗಾಡಿ ಸುಸೂತ್ರವಾಗಿ ದಾಟಿತ್ತು ಎಂಬುದರಲ್ಲಿ ಸಂದೇಹವಿಲ್ಲ.

ಅಂಕಿಯ ಕೆಳಗೆ ಎರಡು ಗಾಲಿ, ನಡುವೆ ಅಚ್ಚು ಬರೆದ ಇನ್ನೊಂದು ಫಲಕವಿದೆ. ಒಂದೊಂದು ಅಚ್ಚಿನ ಮೇಲೆ ಬೀಳುವ ಭಾರಕ್ಕೆ ಅದು ಮಿತಿ. ಅದನ್ನು ವ್ಯಾಯಾಮಶಾಲೆಯ ಜಾಹೀರಾತೆಂದು ಭಾವಿಸಿ ಗೌರವದಿಂದ ಮುಂದೆ ಸಾಗುವವರೇ ಹೆಚ್ಚು. 1958ರಿಂದ 60ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಬಳಿ ಲಾರಿಗಳನ್ನು ಸುತ್ತುಸುತ್ತಾಗಿ ಓಡಿಸಿ ರಸ್ತೆ ಹೇಗೆ ಸಾಯುತ್ತದೆಂದು ಅಳೆದರು. ಅಚ್ಚಿನ ಭಾರ ಎರಡರಷ್ಟಾದರೆ ರಸ್ತೆಗೆ ಪೆಟ್ಟು ಸುಮಾರು ಹದಿನಾರರಷ್ಟು ಎಂದು ಅವರಿಗೆ ಗೊತ್ತಾಯಿತು. ಎರಡು ವರ್ಷ, ಅಷ್ಟೊಂದು ಡಾಲರು! ನಾವು ಅದೇ ಪ್ರಯೋಗವನ್ನು ಯಾವ ಅನುದಾನವನ್ನೂ ಕೇಳದೆ ನಿತ್ಯ ನಡೆಸುತ್ತಿದ್ದೇವೆ. ಫಲಿತಾಂಶ ಪ್ರತಿ ಮಳೆಗಾಲವೂ ರಸ್ತೆಯ ಮೇಲೆಯೇ ಪ್ರಕಟವಾಗುತ್ತದೆ, ಅದರಲ್ಲಿ ನೀರೂ ನಿಂತಿರುತ್ತದೆ.

ಸರ್ಕಾರದ ಕೊಡುಗೆಯನ್ನೂ ನೆನೆಯಬೇಕು. 2018ರ ಜುಲೈನಲ್ಲಿ ಕೇಂದ್ರವು ಎರಡು ಅಚ್ಚಿನ ಲಾರಿಯ ಒಟ್ಟು ತೂಕದ ಮಿತಿಯನ್ನು 16.2 ಟನ್ನಿನಿಂದ 18.5ಕ್ಕೆ ಏರಿಸಿತು. ಮೂರು ಅಚ್ಚಿನದಕ್ಕೆ 25 ಇದ್ದದ್ದು 28.5 ಆಯಿತು. ಹಳೆಯ ಸೇತುವೆಗಳು ರಾಜಪತ್ರ ಓದುವುದಿಲ್ಲವಾದ್ದರಿಂದ ಮೊದಲಿನಷ್ಟೇ ಗಟ್ಟಿ ಉಳಿದವು. ಆರ್‌ಸಿಯಲ್ಲಿರುವ ಅಂಕಿ ಒಂದು, ಫಲಕದ್ದು ಇನ್ನೊಂದು. ಎರಡರಲ್ಲಿ ಚಿಕ್ಕದ್ದು ಯಾವುದೋ ಅದೇ ನಡೆಯಬೇಕೆಂಬುದು ನಿಯಮ. ಎರಡನ್ನೂ ಕೂಡಿಸುವುದು ನಮ್ಮ ಸಂಪ್ರದಾಯ.

ದಂಡದ ಲೆಕ್ಕವಂತೂ ಗಣಿತಪ್ರಿಯರಿಗೆ ಹಬ್ಬ. 2019ರ ತಿದ್ದುಪಡಿಯ ಪ್ರಕಾರ ಹೆಚ್ಚುವರಿ ಭಾರಕ್ಕೆ 20,000 ರೂಪಾಯಿ, ಮೇಲೆ ಟನ್ನಿಗೆ 2,000, ಇಳಿಸುವ ಕೂಲಿ ಬೇರೆ. ಗಾಡಿ ನಿಲ್ಲಿಸದೆ, ತೂಕಕ್ಕೂ ಒಪ್ಪದೆ ಹೋದರೆ 40,000. ಅಂದರೆ ಹತ್ತು ಟನ್ ಹೆಚ್ಚು ಹೇರಿದವನಿಗೆ ನಿಂತರೂ ಅಷ್ಟೇ, ಓಡಿದರೂ ಅಷ್ಟೇ. ಹನ್ನೊಂದನೆಯ ಟನ್ನಿನಿಂದ ಓಡುವುದರಲ್ಲೇ ಉಳಿತಾಯ. ತೂಗಿಸಲು ಮುಂದಿನ ದಾರಿಯ ಹತ್ತು ಕಿಲೋಮೀಟರಿನೊಳಗಿನ ಕಾಟಾಕ್ಕೆ ಒಯ್ಯಬಹುದು, ಅಲ್ಲೊಂದು ಕಾಟಾ ಇದ್ದರೆ ಎಂದು ಕಾಯ್ದೆ ವಿನಯದಿಂದ ಸೇರಿಸಿದೆ.

ಹತ್ತಿ ಬಿಡಿಸಲು ಹೊರಟ ಹೆಣ್ಣುಮಕ್ಕಳನ್ನು ಬಾಗಿಲು, ಟಾಪು, ಏಣಿಯವರೆಗೆ ತುಂಬಿಕೊಂಡು ಹೋಗುವ ಟಂಟಂಗಳಿಗೆ ಯಾವ ಭಾಷ್ಯವೂ ಬೇಕಾಗಿಲ್ಲ. ಮನುಷ್ಯರು ಸರಕಲ್ಲವಲ್ಲ, ತೂಕ ಹೇಗೆ ಹಿಡಿಯುವುದು! ಟಂಟಂ ಉರುಳಿದ ಮೇಲೆಯೇ ಎಣಿಕೆ ಶುರುವಾಗುತ್ತದೆ, ಪರಿಹಾರದ ಪಟ್ಟಿಗಾಗಿ.

ಇಷ್ಟೆಲ್ಲ ಪಾಂಡಿತ್ಯದ ನಡುವೆ ಭಾರಮಿತಿಯನ್ನು ಅಕ್ಷರಶಃ ಜಾರಿ ಮಾಡುವ ಅಧಿಕಾರಿ ಒಬ್ಬಳೇ, ಕೃಷ್ಣೆ. ನಾರಾಯಣಪುರ ಅಣೆಕಟ್ಟೆಯಿಂದ ಲಕ್ಷಗಟ್ಟಲೆ ಕ್ಯೂಸೆಕ್ ಬಿಟ್ಟ ದಿನ ಶಹಾಪುರ–ದೇವದುರ್ಗ ದಾರಿಯ ಕೊಳ್ಳೂರು ಸೇತುವೆಯ ಮೇಲೆ ಆಕೆ ತಾನೇ ಬಂದು ನಿಲ್ಲುತ್ತಾಳೆ. 2019ರಲ್ಲೂ ಹಾಗೆಯೇ ಬಂದಿದ್ದಳು. ಮಿತಿ ಸೊನ್ನೆ ಟನ್. ಮಾಲು ಬೇರೆ, ಗಾಡಿ ಬೇರೆ ಎಂಬ ವಾದವನ್ನು ಕೇಳುವುದಿಲ್ಲ. ಫೋನ್ ಮಾಡಿಸಲು ನಂಬರಿಲ್ಲ, ಚಹಾಕ್ಕೆಂದು ಕೊಟ್ಟರೆ ಕೈ ಚಾಚುವುದಿಲ್ಲ. ಇಂಥವರಿಗೆ ಇಲಾಖೆಯಲ್ಲಿ ಬಡ್ತಿ ಕಷ್ಟ.

ಆಕೆ ಇಳಿದು ಹೋಗುವ ತನಕ ಎಲ್ಲ ಪಂಥದವರೂ ಲಾರಿ ತಿರುಗಿಸಿ, ಸುರಪುರ ದಾಟಿ, ತಿಂಥಣಿ ಬ್ರಿಡ್ಜ್ ಮೇಲೆ ಹೋಗುತ್ತಾರೆ, ತುಂಬಿದ ಭಾರ ಇದ್ದಷ್ಟೇ ಇಟ್ಟುಕೊಂಡು.