ಬಾಲಯೇಸುವಿನ ಲೆಕ್ಕಕ್ಕೆ ಬರ್ಕೊಳ್ಳಿ

ಹೋದ ವರ್ಷ ನಮ್ಮ ಮನೆಯ ಬಚ್ಚಲಿಗೆ ಟೈಲ್ಸ್ ಹಾಕಿಸಿದೆ. ಆರಡಿಗೆ ನಾಲ್ಕಡಿ ಬಚ್ಚಲು, ಅಷ್ಟೇ. ಮೇಸ್ತ್ರಿ ದಿನಕ್ಕೆ ಮೂರು ಸಲ ಬಾಗಿಲಿಗೆ ಬಂದು, ತಲೆ ಕೆರೆದುಕೊಂಡು, "ಸಾರ್, ಇನ್ನೆರಡು ಮೂಟೆ ಸಿಮೆಂಟು" ಅನ್ನೋನು. ಶನಿವಾರ ಬಂತೆಂದರೆ ಬಟವಾಡೆ. ನಡುರಾತ್ರಿ ಎಬ್ಬಿಸಿ ಕೇಳಿದರೂ ಆ ಬಚ್ಚಲಿಗೆ ಎಷ್ಟಾಯಿತು, ಅದರಲ್ಲಿ ಕೈಸಾಲ ಎಷ್ಟು, ಭಾವಮೈದುನನ ಮುಂದೆ ಹಲ್ಲು ಗಿಂಜಿದ್ದು ಎಷ್ಟು ಸಲ ಎಂದು ಪೈಸೆ ಬಿಡದೆ ಒಪ್ಪಿಸಬಲ್ಲೆ. ಇಂಥ ನರಮನುಷ್ಯನಾದ ನನಗೆ, ಮೂರು ಸಾವಿರ ಚದರಡಿಯ ಮನೆ ದುರಸ್ತಿ ಮಾಡಿಸಿಕೊಂಡು, ಅದಕ್ಕೆ ಬೇರೆಯವರು 422,000 ಯೂರೊ ಸುರಿದದ್ದು ತಮಗೆ ಗೊತ್ತೇ ಇರಲಿಲ್ಲ ಎನ್ನಬಲ್ಲವರನ್ನು ಕಂಡರೆ ಕೈ ತಾನಾಗಿ ಮುಗಿಯುತ್ತದೆ. ಆಗಿನ ದರದಲ್ಲಿ ಅದು ಮೂರು ಕೋಟಿ ರೂಪಾಯಿಗೂ ಮೇಲೆ. ವೈರಾಗ್ಯ ಅಂದರೆ ಇದಪ್ಪಾ.

ಆ ವಿರಾಗಿಯ ಹೆಸರು ಕಾರ್ಡಿನಲ್ ತಾರ್ಚಿಸಿಯೊ ಬೆರ್ತೊನೆ. ಇಟಲಿಯ ಪಿಯೆಮೊಂಟ್ ಸೀಮೆಯ ರೊಮಾನೊ ಕನವೇಸೆ ಎಂಬ ಊರಿನಲ್ಲಿ 1934ರ ಡಿಸೆಂಬರ್ 2ರಂದು ಹುಟ್ಟಿದವರು. ಅದೇ ಸೀಮೆಯ ಡಾನ್ ಬಾಸ್ಕೊ ಕಟ್ಟಿದ ಸಲೇಷಿಯನ್ ಸಭೆ ಸೇರಿದರು. ಡಾನ್ ಬಾಸ್ಕೊ ಯಾರೆಂದು ಕನ್ನಡಿಗರಿಗೆ ಹೇಳಬೇಕಿಲ್ಲ. ಅವರ ಹೆಸರಿನ ಶಾಲೆಗಳು ನಮ್ಮಲ್ಲೂ ಇವೆ. ಟುರಿನ್ ಬೀದಿಯ ತಬ್ಬಲಿ ಹುಡುಗರನ್ನು ಒಟ್ಟುಮಾಡಿ ಸೂರು, ಕಸುಬು ಕೊಟ್ಟ ಪಾದ್ರಿ ಅವರು. ಶಿಷ್ಯರು ಗುರುವಿನ ಪಾಠವನ್ನು ಮರೆಯಲಿಲ್ಲ. ತಲೆಯ ಮೇಲೊಂದು ಸೂರು ಇರಬೇಕು ಎಂಬುದನ್ನಂತೂ ಚೆನ್ನಾಗಿ ನೆನಪಿಟ್ಟುಕೊಂಡರು.

ಬೆರ್ತೊನೆ ಚರ್ಚ್ ಕಾನೂನಿನ ಮೇಷ್ಟ್ರು. 1995ರಲ್ಲಿ ರೋಮ್‌ನಲ್ಲಿ, ಧರ್ಮಸಿದ್ಧಾಂತದ ಕಾವಲಿಗಿರುವ ಕಚೇರಿಯಲ್ಲಿ ಕಾರ್ಡಿನಲ್ ರಾಟ್ಸಿಂಗರ್ ಅವರ ಕೈಕೆಳಗೆ ಕಾರ್ಯದರ್ಶಿಯಾದರು. 2002ರಲ್ಲಿ ಜಿನೋವಾದ ಮಹಾಧರ್ಮಾಧ್ಯಕ್ಷ, ಮರುವರ್ಷ ಕಾರ್ಡಿನಲ್‌ಗಿರಿಯ ಕೆಂಪು ಟೋಪಿ. ಅಷ್ಟರಲ್ಲಿ ರಾಟ್ಸಿಂಗರ್ ಅವರೇ 16ನೇ ಬೆನೆಡಿಕ್ಟ್ ಎಂಬ ಹೆಸರಿನಲ್ಲಿ ಪೋಪ್ ಆದರು. 2006ರ ಸೆಪ್ಟೆಂಬರಿನಲ್ಲಿ ಹಳೆಯ ಕಾರ್ಯದರ್ಶಿಯನ್ನು ವ್ಯಾಟಿಕನ್ನಿನ ಸೆಕ್ರೆಟರಿ ಆಫ್ ಸ್ಟೇಟ್ ಮಾಡಿದರು. ಮೈಸೂರಿನ ಭಾಷೆಯಲ್ಲಿ ಹೇಳುವುದಾದರೆ ದಿವಾನಗಿರಿ. ರಾಯಭಾರದ ಗಂಧಗಾಳಿ ಇಲ್ಲದ ಮೇಷ್ಟ್ರಿಗೆ ದಿವಾನಗಿರಿ ಯಾಕೆ ಎಂದು ಒಳಗಿನವರು ಗೊಣಗಿದರು. ಮಹಾರಾಜರು ಮೆಚ್ಚಿದ ಮೇಲೆ ಗೊಣಗಾಟ ಕೇಳುವವರು ಯಾರು?

ಅಭಿಪ್ರಾಯಗಳಿಗಂತೂ ಅವರಲ್ಲಿ ಬರವಿರಲಿಲ್ಲ. 2005ರಲ್ಲಿ, ಜಿನೋವಾದಲ್ಲಿದ್ದಾಗಲೇ, ಡ್ಯಾನ್ ಬ್ರೌನ್ ಬರೆದ 'ದ ಡಾ ವಿಂಚಿ ಕೋಡ್' ಕಾದಂಬರಿಯನ್ನು ಯಾರೂ ಓದಬಾರದು, ಯಾರೂ ಕೊಳ್ಳಬಾರದು ಎಂದು ಅಪ್ಪಣೆ ಕೊಡಿಸಿದರು. ಲೇಖಕನಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕೆ? ಏಳು ವರ್ಷ ಕಳೆದು, ಪೋಪರ ಮೇಜಿನ ಮೇಲಿನ ಕಾಗದಗಳು ಒಂದೊಂದಾಗಿ ಪತ್ರಿಕೆಗಳಿಗೆ ಸೋರಿ, ಬಟ್ಲರ್ ಪಾವ್ಲೊ ಗೇಬ್ರಿಯೇಲೆ ಸಿಕ್ಕಿಬಿದ್ದಾಗ, ಪತ್ರಕರ್ತರು ಡ್ಯಾನ್ ಬ್ರೌನ್‌ನ ಅನುಕರಣೆ ಮಾಡುತ್ತಿದ್ದಾರೆಂದು ಬೆರ್ತೊನೆ ಸಿಡುಕಿದರು. ಯಾರೂ ಓದಬಾರದ ಲೇಖಕನ ಶೈಲಿ ಅವರಿಗೆ ಇಷ್ಟು ಪರಿಚಯವಾದದ್ದು ಹೇಗೋ.

ಫುಟ್‌ಬಾಲ್ ಎಂದರೆ ಪ್ರಾಣ. ನಮ್ಮ ಸೆಮಿನರಿಗಳಲ್ಲಿ ಬ್ರೆಜಿಲ್ ಹುಡುಗರಿದ್ದಾರೆ, ಮನಸ್ಸು ಮಾಡಿದರೆ ವ್ಯಾಟಿಕನ್ ತಂಡವೊಂದು ಇಂಟರ್, ರೋಮಾಗಳ ಜೊತೆ ಆಡಬಲ್ಲದು ಎಂದು 2006ರ ಕೊನೆಗೆ ಹೇಳಿದರು. ಆಮೇಲೆ ತಮಾಷೆಗೆ ಅಂದೆ ಎಂದರು. ತಂಡ ಬರಲಿಲ್ಲ. ಅದರ ಬದಲು 2007ರಲ್ಲಿ ಪಾದ್ರಿಗಳಿಗೂ ಸೆಮಿನರಿ ಹುಡುಗರಿಗೂ 'ಕ್ಲೆರಿಕುಸ್ ಕಪ್' ಪಂದ್ಯಾವಳಿ ಶುರುವಾಯಿತು. ಅದರಲ್ಲಿ ಹಳದಿ, ಕೆಂಪು ಕಾರ್ಡುಗಳ ಜೊತೆಗೆ ನೀಲಿ ಕಾರ್ಡೂ ಉಂಟು: ತಪ್ಪು ಮಾಡಿದವನು ಐದು ನಿಮಿಷ ಹೊರಗೆ ಕೂತು ಯೋಚಿಸಿ ಮತ್ತೆ ಒಳಗೆ ಬರಬಹುದು. ಕಾರ್ಡಿನಲ್‌ಗಳಿಗೂ ಇಂಥ ಕಾರ್ಡು ಇರಬೇಕಿತ್ತೇನೋ ಎಂದು ನನಗೆ ಅನಿಸಿದ್ದುಂಟು. ಅದರಲ್ಲೂ 2010ರ ಏಪ್ರಿಲ್‌ನಲ್ಲಿ.

ಆಗ ಪಾದ್ರಿಗಳು ಮಕ್ಕಳ ಮೇಲೆ ನಡೆಸಿದ ಲೈಂಗಿಕ ದೌರ್ಜನ್ಯದ ಸುದ್ದಿ ಯೂರೋಪಿನ ಊರೂರಲ್ಲಿ ಹೊರಬೀಳುತ್ತಿತ್ತು. ಚಿಲಿಗೆ ಹೋಗಿದ್ದ ಬೆರ್ತೊನೆಗೆ ಪತ್ರಕರ್ತರು ಅದನ್ನೇ ಕೇಳಿದರು. ಇದಕ್ಕೂ ಪಾದ್ರಿಗಳ ಬ್ರಹ್ಮಚರ್ಯಕ್ಕೂ ನಂಟಿಲ್ಲ, ಸಲಿಂಗಕಾಮಕ್ಕೂ ಇದಕ್ಕೂ ನಂಟಿದೆ, ಮನಶ್ಶಾಸ್ತ್ರಜ್ಞರೇ ತೋರಿಸಿದ್ದಾರೆ ಎಂದುಬಿಟ್ಟರು. ಫ್ರಾನ್ಸ್ ಸರ್ಕಾರ ಇದನ್ನು ಒಪ್ಪಲಾಗದು ಎಂದಿತು. ವ್ಯಾಟಿಕನ್ನಿನ ವಕ್ತಾರರೇ ಎದ್ದು, ವೈದ್ಯಕೀಯದ ಬಗ್ಗೆ, ಮನಶ್ಶಾಸ್ತ್ರದ ಬಗ್ಗೆ ಸಾರಾಸಗಟಾಗಿ ಮಾತಾಡುವುದು ಚರ್ಚ್ ಅಧಿಕಾರಿಗಳ ಕೆಲಸವಲ್ಲ ಎಂದು ತೇಪೆ ಹಚ್ಚಬೇಕಾಯಿತು. ಮಗುವಿನ ಗಾಯ ತೋರಿಸಿದರೆ ಬೀದಿಯಲ್ಲಿ ಹೋಗುವ ಮೂರನೆಯವನ ಕಡೆ ಬೆರಳು ಮಾಡುವ ಈ ಕಲೆ ನಮ್ಮ ರಾಜಕಾರಣಿಗಳಿಗೂ ಗೊತ್ತು. ಆದರೆ ಅವರು ಅದನ್ನು ಜಪಮಾಲೆ ಹಿಡಿದುಕೊಂಡು ಮಾಡುವುದಿಲ್ಲ. ಈ ಒಂದು ಮಾತನ್ನು ನಗುತ್ತಾ ಬರೆಯಲು ನನಗೆ ಆಗುತ್ತಿಲ್ಲ, ಮುಂದೆ ಹೋಗುತ್ತೇನೆ.

2013ರ ಫೆಬ್ರವರಿಯಲ್ಲಿ ಬೆನೆಡಿಕ್ಟ್ ರಾಜೀನಾಮೆ ಕೊಟ್ಟರು, ಮಾರ್ಚ್‌ನಲ್ಲಿ ಫ್ರಾನ್ಸಿಸ್ ಬಂದರು. ಅರಮನೆ ಒಲ್ಲೆ ಎಂದು ಸಾಂತಾ ಮಾರ್ತಾ ಎಂಬ ಅತಿಥಿಗೃಹದ 201ನೇ ನಂಬರಿನಲ್ಲಿ ಪುಟ್ಟ ಬಿಡಾರ ಹೂಡಿದರು. ಕುರುಬನಿಗೆ ಕುರಿಯ ವಾಸನೆ ಅಂಟಿರಬೇಕು ಎಂದು ಪಾದ್ರಿಗಳಿಗೆ ಬೋಧಿಸಿದರು. ಆಗಸ್ಟ್ ಕೊನೆಗೆ ಹೊಸ ದಿವಾನರ ಹೆಸರು ಪ್ರಕಟವಾಯಿತು. ಮರುದಿನ ಸಿಸಿಲಿಯ ಸಿರಾಕ್ಯೂಸ್‌ನಲ್ಲಿದ್ದ ಬೆರ್ತೊನೆ ತಮ್ಮ ಏಳು ವರ್ಷದ ಆಡಳಿತಕ್ಕೆ ತಾವೇ ಪಾಸ್ ಅಂಕ ಕೊಟ್ಟುಕೊಂಡರು. ತಪ್ಪಾದದ್ದೆಲ್ಲ ಕಾಗೆಗಳು ಮತ್ತು ವಿಷಸರ್ಪಗಳು ಸೇರಿ ಹೆಣೆದ ಜಾಲ ಎಂದರು. ಕಾಗೆಗೆ ಇಟಲಿಯಲ್ಲೂ ನಮ್ಮಲ್ಲಿಯಂತೆಯೇ ಕೆಟ್ಟ ಹೆಸರು, ಪಾಪ.

ನಿವೃತ್ತರಿಗೆ ಮನೆ ಬೇಕಲ್ಲ. ಸಾಂತಾ ಮಾರ್ತಾದ ಪಕ್ಕದಲ್ಲೇ ಪಲಾಜ್ಜೊ ಸಾನ್ ಕಾರ್ಲೊ ಎಂಬ ಕಟ್ಟಡ. ಅದರ ಮೇಲುಭಾಗದಲ್ಲಿ ಎರಡು ಫ್ಲಾಟು ಸೇರಿ ಒಂದಾಯಿತು. ಬೆಳಿಗ್ಗೆ ಪೋಪರು ಹೊರಬಂದು ತಲೆ ಎತ್ತಿದರೆ ತಮ್ಮ ಮಾಜಿ ದಿವಾನರ ಸೂರು ಕಾಣುವಷ್ಟು ಹತ್ತಿರ. 2014ರ ಏಪ್ರಿಲ್‌ನಲ್ಲಿ ಪತ್ರಿಕೆಗಳು ಗುಲ್ಲೆಬ್ಬಿಸಿದವು: ಏಳುನೂರು ಚದರ ಮೀಟರ್ ಮನೆಯಂತೆ, ತಾರಸಿಯಂತೆ!

ಬೆರ್ತೊನೆ ನೊಂದುಕೊಂಡು ಜಿನೋವಾದ ಪತ್ರಿಕೆಗೆ ಉತ್ತರ ಬರೆದರು. ಕಾನೂನು ಮೇಷ್ಟ್ರ ಕೈಚಳಕ ಕಾಣಬೇಕಾದರೆ ಆ ಉತ್ತರ ನೋಡಬೇಕು. ಮನೆ ಹೇಳಿದಷ್ಟಿಲ್ಲ, ಅದರರ್ಧ. ತಾರಸಿ ತಮ್ಮೊಬ್ಬರದಲ್ಲ, ಕಟ್ಟಡದವರೆಲ್ಲರದು. ತಾವು ಒಬ್ಬರೇ ಇಲ್ಲ, ಮೂವರು ಕನ್ಯಾಸ್ತ್ರೀಯರೂ ಇದ್ದಾರೆ. ಮನೆ ತಮ್ಮದಲ್ಲ, ತಾವು ಹೋದ ಮೇಲೆ ಇನ್ನೊಬ್ಬರಿಗೆ. ಪೋಪರೇ ಫೋನ್ ಮಾಡಿ ಸಮಾಧಾನ ಹೇಳಿದ್ದಾರೆ. ಸಿಪಾಯಿ ಹಿಡಿದು 'ಎರಡು ಹಲಸಿನಹಣ್ಣು ಕದ್ದೆಯಾ?' ಎಂದರೆ 'ಛೆ ಛೆ, ಒಂದೇ ಸ್ವಾಮೀ, ಅದೂ ಮನೆಮಂದಿಯೆಲ್ಲ ತಿಂದೆವು' ಎಂದವನ ನೆನಪಾಯಿತು. ಅರ್ಧ ಅಂದರೂ ಮುನ್ನೂರು ಚದರ ಮೀಟರಿನ ಆಸುಪಾಸು. ಬೆಂಗಳೂರಿನ ತರ್ಟಿ-ಫಾರ್ಟಿ ಸೈಟುಗಳಲ್ಲಿ ಎರಡೂವರೆ.

ದುರಸ್ತಿಗೆ ತಮ್ಮ ಉಳಿತಾಯದಿಂದ 300,000 ಯೂರೊ ಕೊಟ್ಟೆ ಎಂದರು. ಬಡತನದ ವ್ರತ ಹಿಡಿದ ಸನ್ಯಾಸಿಗೆ ಇಷ್ಟು ಉಳಿತಾಯ ಎಲ್ಲಿಂದ ಎಂದು ಕೇಳಬೇಡಿ. ಸನ್ಯಾಸಿ ಧರ್ಮಾಧ್ಯಕ್ಷನಾದ ಮೇಲೆ ಚರ್ಚ್ ಕಾನೂನು ಹಣದ ವಿಷಯದಲ್ಲಿ ಹಗ್ಗ ಸಡಿಲ ಬಿಡುತ್ತದೆ. ಅದು ಮೇಷ್ಟ್ರ ಸ್ವಂತ ಸಬ್ಜೆಕ್ಟು.

ಅವರ ಪಾಲಿನ ಕಥೆ ಇಲ್ಲಿಗೇ ಮುಗಿಯಬಹುದಿತ್ತು. ಆದರೆ 2015ರಲ್ಲಿ ಎಮಿಲಿಯಾನೊ ಫಿತ್ತಿಪಾಲ್ದಿ ಎಂಬ ಪತ್ರಕರ್ತ, ಅದೇ ಡ್ಯಾನ್ ಬ್ರೌನ್ ಜಾತಿಯವನು, ಪುಸ್ತಕ ಬರೆದು, ಮನೆಗೆ ಬೇರೆಯವರ ದುಡ್ಡೂ ಬಿದ್ದದ್ದನ್ನು ಹೊರಗೆಳೆದ. ಮೊದಲು ಹೇಳಿದ 422,000 ಯೂರೊ ಎಂಬ ಪೂರ್ತಿ ಮೊತ್ತ ಆಮೇಲೆ ಹೊರಬಿತ್ತು. ಅದನ್ನು ಕೊಟ್ಟದ್ದು ಬಂಬಿನೊ ಜೆಸು ಆಸ್ಪತ್ರೆಯ ಫೌಂಡೇಶನ್. ಹೆಸರಿನ ಅರ್ಥ ಬಾಲಯೇಸು. ನಮ್ಮ ವಿವೇಕನಗರದಲ್ಲಿ ಜನ ಗುರುವಾರ ಮೇಣದಬತ್ತಿ ಹಿಡಿದು ಸಾಲು ನಿಲ್ಲುತ್ತಾರಲ್ಲ, ಅದೇ ಕಂದ. ರೋಮ್‌ನ ಜನಿಕ್ಯುಲಮ್ ಗುಡ್ಡದ ಮೇಲಿರುವ ಇದು ಪೋಪರ ಆಸ್ಪತ್ರೆ, ಮಕ್ಕಳದ್ದು. 1869ರಲ್ಲಿ ಸಾಲ್ವಿಯಾತಿ ಮನೆತನದ ಮಕ್ಕಳು ತಾಯಿಗೆ ತಮ್ಮ ಕಾಸಿನ ಡಬ್ಬಿ ಕೊಟ್ಟು, ಕಾಯಿಲೆ ಮಕ್ಕಳಿಗೆ ಆಸ್ಪತ್ರೆ ಮಾಡು ಎಂದರೆಂದು ಅದರ ಹುಟ್ಟಿನ ಕಥೆ ಹೇಳುತ್ತಾರೆ. 1924ರಲ್ಲಿ ಆ ಮನೆತನ ಅದನ್ನು ಪೋಪರ ಪೀಠಕ್ಕೆ ದಾನ ಕೊಟ್ಟಿತು. ತೊಂಬತ್ತು ವರ್ಷ ಕಳೆದ ಮೇಲೆ ಡಬ್ಬಿಯ ಕಾಸು ಕಾರ್ಡಿನಲ್ ಮನೆಯ ಗೋಡೆಗೆ ಸುಣ್ಣವಾಯಿತು.

ಯಾಕೆ ಕೊಟ್ಟಿರಿ ಎಂದರೆ ಫೌಂಡೇಶನ್‌ನ ಅಂದಿನ ಅಧ್ಯಕ್ಷ ಜುಸೆಪ್ಪೆ ಪ್ರೊಫಿತಿ ಅವರ ವಿವರಣೆ ಇದು: ಅದು ಹೂಡಿಕೆ. ಕಾರ್ಡಿನಲ್ ಮನೆಗೆ ಶ್ರೀಮಂತರನ್ನು ಊಟಕ್ಕೆ ಕರೆಯುವುದು, ಉಂಡವರು ಖುಷಿಯಾಗಿ ಆಸ್ಪತ್ರೆಗೆ ದೇಣಿಗೆ ಕೊಡುವುದು. ಕಾಯಿಲೆ ಮಗುವಿಗೆ ಔಷಧಿ ಬೇಕಾದರೆ ಮೊದಲು ಕಾರ್ಡಿನಲ್‌ಗೆ ಊಟದ ಹಾಲ್ ಬೇಕು ಎಂಬ ಅರ್ಥಶಾಸ್ತ್ರವನ್ನು ನಮ್ಮ ಊರಿನ ಟ್ರಸ್ಟಿಗಳು ಇನ್ನೂ ಕಂಡುಹಿಡಿದಿಲ್ಲ. ದಯವಿಟ್ಟು ಈ ಪ್ಯಾರಾ ಅವರಿಗೆ ತೋರಿಸಬೇಡಿ.

ಫೌಂಡೇಶನ್ ಹಣ ಕೊಟ್ಟದ್ದು ತಮಗೆ ಗೊತ್ತಿರಲಿಲ್ಲ ಎಂದು ಬೆರ್ತೊನೆ ಹೇಳಿದರು. ಇಲ್ಲಿ ನನ್ನ ಬಚ್ಚಲ ಮೇಸ್ತ್ರಿ ನೆನಪಾಗುತ್ತಾನೆ. ಅಷ್ಟು ದುಡ್ಡಿನ ಕೆಲಸ ನಡೆಯುವಾಗ ರೋಮ್‌ನ ಮೇಸ್ತ್ರಿ ಒಂದು ದಿನವೂ ಬಾಗಿಲಿಗೆ ಬಂದು ತಲೆ ಕೆರೆದುಕೊಳ್ಳಲಿಲ್ಲವೇ? ಬಾಕಿ ಯಾರ ಲೆಕ್ಕಕ್ಕೆ ಬರ್ಕೊಳ್ಳಲಿ ಎಂದು ಕೇಳಲಿಲ್ಲವೇ? ಇಂಥ ಸಂಕೋಚದ ಮೇಸ್ತ್ರಿ ಸಿಗುವುದಾದರೆ ವಿಮಾನದ ಟಿಕೆಟ್ ಕೊಟ್ಟಾದರೂ ಕರೆಸಿಕೊಳ್ಳುತ್ತೇನೆ, ನಮ್ಮ ಅಡುಗೆಮನೆ ಬಾಕಿ ಇದೆ.

2015ರ ಡಿಸೆಂಬರಿನಲ್ಲಿ ಕಾರ್ಡಿನಲ್ ಆಸ್ಪತ್ರೆಗೆ 150,000 ಯೂರೊ ಕೊಟ್ಟರು. ಅದು ವಾಪಸಾತಿಯಲ್ಲ, ಸಂಶೋಧನೆಗೆ ದಾನ ಎಂದು ಸ್ಪಷ್ಟಪಡಿಸಲಾಯಿತು. ವಾಪಸಾತಿ ಎಂದರೆ ತೆಗೆದುಕೊಂಡಿದ್ದೆ ಎಂದಾಗುತ್ತದೆ. ದಾನ ಎಂದರೆ ಪುಣ್ಯವೂ ಬರುತ್ತದೆ. 422ರಲ್ಲಿ 150 ಕಳೆದರೆ ಉಳಿಯುವುದು 272 ಸಾವಿರ. ಪುಣ್ಯದ ಲೆಕ್ಕದಲ್ಲಿ ಕಳೆಯುವುದು ಇಲ್ಲ, ಕೂಡುವುದು ಮಾತ್ರ.

ವ್ಯಾಟಿಕನ್ನಿನ ನ್ಯಾಯಾಲಯದಲ್ಲಿ ಕೇಸು ನಡೆದು 2017ರ ಅಕ್ಟೋಬರ್‌ನಲ್ಲಿ ತೀರ್ಪು ಬಂತು. ಪ್ರೊಫಿತಿ ಅಧಿಕಾರ ದುರುಪಯೋಗದ ಅಪರಾಧಿ, ಒಂದು ವರ್ಷದ ಶಿಕ್ಷೆ, ಅದೂ ಅಮಾನತಿನಲ್ಲಿ. ಖಜಾಂಚಿಯಾಗಿದ್ದ ಇನ್ನೊಬ್ಬ ಆರೋಪಿ ಖುಲಾಸೆ. ಆರೋಪಿಗಳ ಪಟ್ಟಿಯಲ್ಲಿ ಇದ್ದದ್ದು ಈ ಎರಡೇ ಹೆಸರು. ಆ ಮನೆಯಲ್ಲಿ ವಾಸವಿದ್ದವರ ಹೆಸರು ಅದರಲ್ಲಿ ಇರಲಿಲ್ಲ.